ಮೊದಲ ಮೂರು ಸಾಲು

26 ಜೂನ್ 2016, ಭಾನುವಾರ
ನಾಕ್ಸ್‌ವಿಲ್

ಬೆಳಿಗ್ಗೆಯಿಂದ ಟೀವಿ ಹಾಕಿದರೆ ಒಂದೇ ಸುದ್ದಿ. ಇಲ್ಲಿನ ಟೆನೆಸ್ಸಿ ವಿಶ್ವವಿದ್ಯಾಲಯದ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡದ ಕೋಚ್ ಆಗಿದ್ದ ಪ್ಯಾಟ್ ಸಮಿಟ್ ಅವರ ಆರೋಗ್ಯ ತೀರಾ ಹದಗೆಟ್ಟಿದೆ ಎಂದು ಮನೆಯವರು ತಿಳಿಸಿದ್ದಾರೆ. ಹಳೆಯ ಆಟಗಾರ್ತಿಯರು ಎಲ್ಲೆಲ್ಲಿಂದಲೋ ಹೊರಟು ಬರುತ್ತಿದ್ದಾರಂತೆ.

ಈ ಊರಲ್ಲಿ ಅವರನ್ನು ಯಾರೂ ಸಮಿಟ್ ಅನ್ನುವುದಿಲ್ಲ. ಪ್ಯಾಟ್, ಅಷ್ಟೇ. ಆಡುವ ಹುಡುಗಿಯರೂ ಹಾಗೇ ಕರೆಯುತ್ತಿದ್ದರು. ಪಕ್ಕದ ಮನೆಯಾಕೆ ಚಿಕ್ಕವಳಿದ್ದಾಗ ಅವರ ಬೇಸಿಗೆ ಶಿಬಿರಕ್ಕೆ ಹೋಗಿದ್ದವಳು. ಮಧ್ಯಾಹ್ನ ಬೇಲಿ ಹತ್ತಿರ ನಿಂತು ಮಾತಾಡುತ್ತಾ, ಡಿಫೆನ್ಸ್‌ಗೆ ಹೇಗೆ ನಿಲ್ಲಬೇಕೆಂದು ಪ್ಯಾಟ್ ಹೇಳಿಕೊಟ್ಟಿದ್ದನ್ನು ಹುಲ್ಲಿನ ಮೇಲೇ ಮಾಡಿ ತೋರಿಸಿದಳು. ಮೊಣಕಾಲು ಬಗ್ಗಿಸಿ, ಬೆನ್ನು ನೆಟ್ಟಗೆ, ಎರಡು ಕೈ ಅಗಲಿಸಿ. ಐವತ್ತು ದಾಟಿದ ಹೆಂಗಸು. ಕಣ್ಣಲ್ಲಿ ನೀರಾಡುತ್ತಿತ್ತು, ಭಂಗಿ ಒಂದಿಷ್ಟೂ ಸಡಿಲಾಗಲಿಲ್ಲ.

ಅಲ್ಜೈಮರ್ಸ್ ಬಂದಿದೆ ಎಂದು ಪ್ಯಾಟ್ ತಾವೇ ಮುಂದೆ ಬಂದು ಹೇಳಿದ್ದು 2011ರ ಆಗಸ್ಟ್‌ನಲ್ಲಿ, 59ರ ವಯಸ್ಸಿಗೆ. ಅದಾದ ಮೇಲೂ ಒಂದು ಪೂರ್ತಿ ಸೀಸನ್ ತಂಡದ ಜೊತೆ ನಿಂತರು. 2012ರ ಏಪ್ರಿಲ್‌ನಲ್ಲಿ ಹಾಲಿ ವಾರ್ಲಿಕ್ ಕೈಗೆ ತಂಡ ಒಪ್ಪಿಸಿದರು. ಹಾಲಿ ಎಪ್ಪತ್ತರ ದಶಕದಲ್ಲಿ ಅವರ ಕೈಕೆಳಗೇ ಆಡಿದವರು, ಆಮೇಲೆ ದಶಕಗಳ ಕಾಲ ಅವರ ಪಕ್ಕದಲ್ಲೇ ಕೂತವರು.

28 ಜೂನ್, ಮಂಗಳವಾರ

ಹೋಗಿಬಿಟ್ಟರು. ಈ ತಿಂಗಳ 14ಕ್ಕೆ 64 ತುಂಬಿತ್ತು.

ನಾನು ಕೆಲಸ ಮಾಡುವ ಗ್ರಂಥಾಲಯದಲ್ಲಿ ಇವತ್ತು ಯಾರಿಗೂ ಕೆಲಸದ ಮೇಲೆ ಮನಸ್ಸಿಲ್ಲ. ಸಂಜೆ ಮನೆಗೆ ಹೋಗುವ ಮುಂಚೆ ಅವರ ಪ್ರತಿಮೆ ಇರುವ ಕಡೆ ನಡೆದೆ. ಹೂವಿನ ರಾಶಿ. ಕಿತ್ತಳೆ ಬಣ್ಣದ ಚೆಂಡುಗಳು, ಮಕ್ಕಳು ಬರೆದ ಚೀಟಿಗಳು.

ಸುದ್ದಿಯವರು ಅಂಕಿಗಳನ್ನು ಹೇಳುತ್ತಲೇ ಇದ್ದಾರೆ. 38 ಸೀಸನ್, 1098 ಗೆಲುವು, ಎಂಟು ರಾಷ್ಟ್ರೀಯ ಪ್ರಶಸ್ತಿ. ದೊಡ್ಡ ಅಂಕಿಗಳೇ, ಸಂದೇಹವಿಲ್ಲ. ಆದರೆ ಮೈಕು ಹಳೆಯ ಆಟಗಾರ್ತಿಯರ ಕೈಗೆ ಹೋದೊಡನೆ ಮಾತು ಬೇರೆ ಕಡೆ ತಿರುಗುತ್ತದೆ. ಆ ನೀಲಿ ಕಣ್ಣುಗಳ ನೋಟ. ಅದು ತನ್ನ ಮೇಲೆ ಬಿದ್ದ ದಿನ. ಆಮೇಲೆ ಎಷ್ಟೋ ವರ್ಷ ಕಳೆದು, ಕೆಲಸ ಹೋದಾಗ, ತಾಯಿ ತೀರಿಕೊಂಡಾಗ ಬಂದ ಫೋನು. ಒಬ್ಬಳಾದರೂ ಕಪ್ ಎತ್ತಿದ ಗಳಿಗೆಯಿಂದ ಮಾತು ಶುರುಮಾಡಿದ್ದನ್ನು ನಾನು ಕೇಳಲಿಲ್ಲ.

30 ಜೂನ್, ಗುರುವಾರ

ಅವರ ತಂಡಕ್ಕೆ ಒಂದು ನಿಯಮ ಇತ್ತು: ಕ್ಲಾಸಿನಲ್ಲಿ ಮೊದಲ ಮೂರು ಸಾಲುಗಳಲ್ಲೇ ಕೂರಬೇಕು. ಕ್ಲಾಸು ತಪ್ಪಿಸಿದರೆ ಪಂದ್ಯವೂ ತಪ್ಪುತ್ತದೆ, ಎಷ್ಟೇ ದೊಡ್ಡ ಆಟಗಾರ್ತಿಯಾಗಿರಲಿ. ಅವರ ಬಳಿ ನಾಲ್ಕು ವರ್ಷದ ಆಟ ಮುಗಿಸಿದ ಪ್ರತಿಯೊಬ್ಬಳೂ ಪದವಿ ಪಡೆದಿದ್ದಾಳೆ. ಅವರಲ್ಲಿ ಪದವಿ ತಪ್ಪಿದವಳು ಒಬ್ಬಳೂ ಇಲ್ಲ. 1098ಕ್ಕಿಂತ ಇದು ನನಗೆ ದೊಡ್ಡದು.

ಮೈಸೂರಿನ ಮಹಾರಾಣಿ ಕಾಲೇಜಿನಲ್ಲಿ ಓದುವಾಗ ನಾವು ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗಿಯರು ಎಲ್ಲಿ ಕೂರುತ್ತಿದ್ದೆವು? ಕೊನೆಯ ಬೆಂಚು. ಅಟೆಂಡೆನ್ಸ್ ಹೇಗೂ ಸಿಗುತ್ತದೆ, ನಿಮ್ಮಿಂದ ಓದು ಯಾರು ಕೇಳಿದರು ಎನ್ನುವ ಥರ ನೋಡುತ್ತಿದ್ದರು. ಆಟವನ್ನೂ ಯಾರೂ ನೆಚ್ಚಿಕೊಂಡಿರಲಿಲ್ಲ. ದಸರಾ ಕ್ರೀಡಾಕೂಟದಲ್ಲಿ ಆಡಿ ಬಂದ ವಾರವೇ ನಮ್ಮ ತಂಡದಲ್ಲಿ ಸೆಂಟರ್ ಆಡುತ್ತಿದ್ದವಳನ್ನು ನೋಡಲು ಗಂಡಿನವರು ಬಂದರು. ಅವಳು ಮುಂದಿನ ವರ್ಷ ಶೂ ಕಟ್ಟಲೇ ಇಲ್ಲ. ನಮಗೆ ಆಟ ಕಲಿಸುತ್ತಿದ್ದ ಮೇಡಂ ಅವಳ ಮನೆಗೆ ಹೋಗಿ ಅಪ್ಪನ ಹತ್ತಿರ ಮಾತಾಡಿ ಬಂದಿದ್ದರು. ಉಪಯೋಗವಾಗಲಿಲ್ಲ.

3 ಜುಲೈ, ಭಾನುವಾರ

ಪ್ಯಾಟ್ 2013ರಲ್ಲಿ ಸ್ಯಾಲಿ ಜೆಂಕಿನ್ಸ್ ಜೊತೆ ಬರೆದ ‘ಸಮ್ ಇಟ್ ಅಪ್’ ಪುಸ್ತಕ ತಂದುಕೊಂಡೆ. ಇಡೀ ದಿನ ಅದರಲ್ಲೇ ಕಳೆಯಿತು.

ಒಕ್ಕಲು ಮನೆಯ ಮಗಳು. ಹೊಗೆಸೊಪ್ಪು ಕಡಿಯುವುದು, ಹುಲ್ಲು ಹೊರೆ ಕಟ್ಟುವುದು, ಹಾಲು ಕರೆಯುವುದು. ಕೊಟ್ಟಿಗೆಯ ಹುಲ್ಲಟ್ಟದ ಮೇಲೆ ಅಣ್ಣಂದಿರ ಜೊತೆ ಬ್ಯಾಸ್ಕೆಟ್‌ಬಾಲ್. ಅವರಿದ್ದ ಕಡೆ ಶಾಲೆಯಲ್ಲಿ ಹುಡುಗಿಯರ ತಂಡ ಇಲ್ಲವೆಂದು, ತಂಡವಿರುವ ಪಕ್ಕದ ಕೌಂಟಿಗೆ ಅಪ್ಪ ಸಂಸಾರವನ್ನೇ ಸಾಗಿಸಿದ. ಮಗಳ ಆಟಕ್ಕಾಗಿ ಮನೆ ಬದಲಿಸಿದ ಅಪ್ಪ! ಆ ಪುಟವನ್ನು ಎರಡು ಸಲ ಓದಿದೆ.

22ನೇ ವಯಸ್ಸಿಗೆ, 1974ರಲ್ಲಿ, ಟೆನೆಸ್ಸಿ ವಿಶ್ವವಿದ್ಯಾಲಯದ ಹುಡುಗಿಯರ ತಂಡ ಕೈಗೆ ಬಂತು. ಕೆಲವು ಆಟಗಾರ್ತಿಯರು ಅವರಿಗಿಂತ ಒಂದೇ ವರ್ಷ ಚಿಕ್ಕವರು. ತಿಂಗಳಿಗೆ 250 ಡಾಲರ್. ವ್ಯಾನ್ ಓಡಿಸಿದ್ದೂ ಅವರೇ, ಬೆವರಿದ ಯೂನಿಫಾರ್ಮ್ ಒಗೆದದ್ದೂ ಅವರೇ. ಎರಡೇ ವರ್ಷಕ್ಕೆ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ತಾವೂ ಆಡಿ ಬೆಳ್ಳಿ ಗೆದ್ದು ಬಂದರು. ಒಲಿಂಪಿಕ್ಸ್‌ನಲ್ಲಿ ಹೆಂಗಸರ ಬ್ಯಾಸ್ಕೆಟ್‌ಬಾಲ್ ಇಟ್ಟದ್ದೇ ಅದು ಮೊದಲು.

ನನಗೆ ಗೊತ್ತೇ ಇರದಿದ್ದ ಒಂದು ಸಂಗತಿ: ಟೆನೆಸ್ಸಿಯ ಹೈಸ್ಕೂಲುಗಳಲ್ಲಿ 1979ರವರೆಗೂ ಹುಡುಗಿಯರಿಗೆ ಆರು ಜನರ ಆಟ. ಮೂವರು ಕೋರ್ಟಿನ ಈ ಅರ್ಧದಲ್ಲಿ, ಮೂವರು ಆ ಅರ್ಧದಲ್ಲಿ, ನಡುಗೆರೆ ದಾಟುವಂತಿಲ್ಲ. ಹುಡುಗಿಯರಿಗೆ ಪೂರ್ತಿ ಕೋರ್ಟು ಓಡುವ ತ್ರಾಣ ಇಲ್ಲವೆಂಬ ನಂಬಿಕೆ ಆ ಗೆರೆಯಲ್ಲೇ ಉಳಿದಿತ್ತು. ಒಂದೇ ಕಡೆ ಆಡಿ ಬೆಳೆದವಳಿಗೆ ಕಾಲೇಜಿನ ಐದು ಜನರ ಆಟದಲ್ಲಿ ಜಾಗ ಸಿಗುವುದು ಹೇಗೆ? ಪ್ಯಾಟ್ ಹಟ ಹಿಡಿದರು. ಈ ಪದ್ಧತಿ ಹೋಗುವವರೆಗೆ ಸ್ವಂತ ರಾಜ್ಯದ ಹುಡುಗಿಯರನ್ನೇ ತಂಡಕ್ಕೆ ತೆಗೆದುಕೊಳ್ಳುವುದಿಲ್ಲ ಎಂದರು. ಪದ್ಧತಿ ಹೋಯಿತು.

ಎಲ್ಲವೂ ನನಗೆ ಒಪ್ಪಿಗೆ ಅಂತಲ್ಲ. ಮೊದಮೊದಲ ವರ್ಷಗಳಲ್ಲಿ ಹುಡುಗಿಯರು ರಾತ್ರಿ ಪಾರ್ಟಿ ಮಾಡಿದ್ದು ತಿಳಿದು, ಕೋರ್ಟಿನ ಮೂಲೆಗಳಲ್ಲಿ ಕಸದ ಡಬ್ಬ ಇಡಿಸಿ, ವಾಂತಿಯಾಗುವವರೆಗೂ ಓಡಿಸಿದ್ದರು. ಅಂದು ಓಡಿದವರು ಇಂದು ನಗುತ್ತಾ ಹೇಳಬಹುದು, ನನಗೆ ಅದು ಅತಿಯೆನಿಸುತ್ತದೆ. ಆದರೂ ಅದೇ ಕೋಚ್ 1982ರಲ್ಲಿ ಒಬ್ಬ ಹುಡುಗಿಗೆ, ಅವಳ ಮೊದಲ ಪಂದ್ಯದ ದಿನ ಬರೆದ ಪತ್ರ ಓದಿದರೆ, ಆ ಬಿರುಸಿನ ಬೇರು ಎಲ್ಲಿತ್ತೆಂದು ತಿಳಿಯುತ್ತದೆ. ಗೆಲ್ಲು, ಆದರೆ ನನಗಾಗಿ ಬೇಡ, ನಿನಗಾಗಿ, ಎನ್ನುವ ಧಾಟಿಯ ಪತ್ರ.

14 ಜುಲೈ, ಗುರುವಾರ

ಥಾಂಪ್ಸನ್ ಬೋಲಿಂಗ್ ಅರೀನಾದಲ್ಲಿ ಸಾರ್ವಜನಿಕ ಶ್ರದ್ಧಾಂಜಲಿ. ಅಲ್ಲಿನ ಕೋರ್ಟಿಗೆ ಅವರದೇ ಹೆಸರು. ಪಕ್ಕದ ಮನೆಯಾಕೆಯ ಜೊತೆ ಹೋಗಿ ಮೇಲಿನ ಸಾಲಲ್ಲಿ ಕೂತೆ. ಹಳೆಯ ಆಟಗಾರ್ತಿಯರು ಗುಂಪುಗುಂಪಾಗಿ ಬಂದರು. ಎಪ್ಪತ್ತರ ದಶಕದವರ ತಲೆ ನೆರೆತಿದೆ. ಕೆಲವರ ಜೊತೆ ಬೆಳೆದ ಮಕ್ಕಳು.

ಫುಟ್‌ಬಾಲ್ ಆಟಗಾರ ಪೇಟನ್ ಮ್ಯಾನಿಂಗ್ ಚೆನ್ನಾಗಿ ಮಾತಾಡಿದ. ನನ್ನ ಮನಸ್ಸು ಮಾತ್ರ ಪ್ಯಾಟ್ ತಂಡದಲ್ಲಿ ಆಡಿದ್ದ ಟಮಿಕಾ ಕ್ಯಾಚಿಂಗ್ಸ್ ಕಡೆಗೇ. ಅವಳಿಗೆ ಹುಟ್ಟಿನಿಂದಲೇ ಕಿವಿ ಮಂದ. ಶಾಲೆಯಲ್ಲಿ ಮಕ್ಕಳು ಆಡಿಕೊಂಡರೆಂದು ಶ್ರವಣಯಂತ್ರವನ್ನು ಹುಲ್ಲಿನ ನಡುವೆ ಎಸೆದು ಬಂದ ಹುಡುಗಿ ಅವಳು. ಆಮೇಲೆ ಯಂತ್ರವಿಲ್ಲದೆ, ತುಟಿ ನೋಡಿ ಅರ್ಥಮಾಡಿಕೊಂಡು, ಆಟದಲ್ಲಿ ಎಲ್ಲರನ್ನೂ ಮೀರಿ ಬೆಳೆದಳು. ಇಲ್ಲಿಗೆ ಬಂದಾಗ ಪ್ಯಾಟ್ ಮತ್ತೆ ಯಂತ್ರ ಹಾಕಿಕೊಳ್ಳುವಂತೆ ಒಪ್ಪಿಸಿದರು, ಮಾತಿನ ತರಬೇತಿಗೂ ಕಳಿಸಿದರು. ನಿನ್ನ ಕಥೆ ಮುಂದೆ ಯಾರಿಗೋ ಆಸರೆಯಾಗುತ್ತದೆ ಎಂದರಂತೆ. ಆಡಲು ಬಂದವಳ ಆಟ ಚೆನ್ನಾಗಿಯೇ ಇತ್ತು, ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ. ಮುಂದಿನ ತಿಂಗಳು ಟಮಿಕಾ ತನ್ನ ನಾಲ್ಕನೇ ಒಲಿಂಪಿಕ್ಸ್‌ಗೆ ರಿಯೋಗೆ ಹೋಗುತ್ತಾಳೆ.

ಮಿಶೆಲ್ ಮಾರ್ಸಿನಿಯಾಕ್‌ಳನ್ನೂ ನೋಡಿದೆ. ಅವಳ ಕಥೆ ಈ ಊರಿನ ಮಕ್ಕಳಿಗೂ ಬಾಯಿಪಾಠ. 1990ರ ಸೆಪ್ಟೆಂಬರ್, ಪ್ಯಾಟ್ ತುಂಬು ಗರ್ಭಿಣಿ. ಮಿಶೆಲ್‌ಳನ್ನು ತಂಡಕ್ಕೆ ಕರೆಯಲು ಪೆನ್ಸಿಲ್ವೇನಿಯಾಕ್ಕೆ ಪುಟ್ಟ ವಿಮಾನದಲ್ಲಿ ಹೊರಟಾಗಲೇ ಹೆರಿಗೆಯ ಸೂಚನೆ. ಆದರೂ ಅವಳ ಮನೆಗೆ ಹೋಗಿ ಮಾತು ಮುಗಿಸಿದರು. ವಾಪಸ್ ಬರುವಾಗ ನೋವು ಹೆಚ್ಚಾಗಿ, ದಾರಿಯಲ್ಲಿ ವರ್ಜೀನಿಯಾದಲ್ಲಿ ಇಳಿಸುವ ಮಾತು ಬಂದರೆ ಒಪ್ಪಲೇ ಇಲ್ಲ. ಆ ವರ್ಷ ತಮ್ಮ ತಂಡವನ್ನು ಸೋಲಿಸಿದವರ ರಾಜ್ಯದಲ್ಲಿ ಮಗು ಹುಟ್ಟುವುದೇ? ಮಗ ಟೈಲರ್ ಟೆನೆಸ್ಸಿಯಲ್ಲೇ ಹುಟ್ಟಿದ. ಮಿಶೆಲ್ ಮೊದಲು ಬೇರೆ ಕಡೆ ಸೇರಿದರೂ ಕೊನೆಗೆ ಇಲ್ಲಿಗೇ ಬಂದಳು, 1996ರಲ್ಲಿ ಪ್ರಶಸ್ತಿ ಗೆಲ್ಲಿಸಿಕೊಟ್ಟಳು.

ಆ ಮಗು ತಂಡದ ಜೊತೆಯಲ್ಲೇ ಊರೂರು ಸುತ್ತಿ ಬೆಳೆಯಿತು. ತಾಯಿಯಾಗುವುದೂ ಕೋಚ್ ಆಗಿರುವುದೂ ಒಟ್ಟಿಗೆ ಸಾಗುವುದನ್ನು ಆ ಹುಡುಗಿಯರು ಬಸ್ಸಿನಲ್ಲಿ, ಬೆಂಚಿನ ಪಕ್ಕದಲ್ಲಿ, ದಿನಾ ಕಣ್ಣಾರೆ ಕಂಡರು. ನಮಗೆ ಅಂಥದ್ದು ನೋಡಲು ಸಿಕ್ಕಿರಲಿಲ್ಲ.

21 ಅಕ್ಟೋಬರ್, ಶುಕ್ರವಾರ

ನಿನ್ನೆ ರಾತ್ರಿ ಹೆಂಗಸರ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಫೈನಲ್ಸ್‌ನಲ್ಲಿ ಲಾಸ್ ಏಂಜಲೀಸ್ ಸ್ಪಾರ್ಕ್ಸ್ ಒಂದೇ ಅಂಕದಿಂದ ಗೆದ್ದಿತು, 77-76. ಪ್ಯಾಟ್ ತಂಡದಲ್ಲೇ ಆಡಿ ಬೆಳೆದ ಕ್ಯಾಂಡೇಸ್ ಪಾರ್ಕರ್ 28 ಅಂಕ ಹೊಡೆದಳು. ಫೈನಲ್ಸ್‌ನ ಅತ್ಯುತ್ತಮ ಆಟಗಾರ್ತಿಯೂ ಅವಳೇ. ಈ ವರ್ಷ ಅವಳನ್ನು ಒಲಿಂಪಿಕ್ ತಂಡದಿಂದ ಕೈಬಿಟ್ಟಿದ್ದರು, ಬೇಸಿಗೆಯಲ್ಲಿ ಪ್ಯಾಟ್ ಹೋದರು. ಮೈಕು ಮುಂದೆ ಬಂದಾಗ ಅಳುತ್ತಾ, ಇದು ಪ್ಯಾಟ್‌ಗೆ ಅಂದಳು. ನಾನೂ ಸೋಫಾದಿಂದ ಎದ್ದು ನಿಂತುಬಿಟ್ಟಿದ್ದೆ.

ಇವತ್ತು ಬೆಳಿಗ್ಗೆ ಮೈಸೂರಿಗೆ ಫೋನ್ ಮಾಡಿ ಮೇಡಂಗೆ ಎಲ್ಲ ಹೇಳಿದೆ. ಎಂಬತ್ತರ ಹತ್ತಿರ ಬಂದಿದ್ದಾರೆ, ದನಿ ಇನ್ನೂ ಗಟ್ಟಿ. ಆರು ಜನರ ಆಟದ ವಿಷಯ ಕೇಳಿ ಸಿಟ್ಟಾದರು. ಆಮೇಲೆ ತಮ್ಮದೇ ಪ್ರಶ್ನೆಗಳು. ಆ ಪಾರ್ಕರ್‌ಗೆ ಮದುವೆಯಾಗಿದೆಯಾ? ಮಗು ಇದೆಯಾ? ಏಳು ವರ್ಷದ ಮಗಳಿದ್ದಾಳೆ ಎಂದೆ. ಹೆತ್ತ ಮೇಲೂ ಏಳು ವರ್ಷದಿಂದ ಆಡುತ್ತಿದ್ದಾಳಾ ಎಂದು ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಂಡರು.

‘ನಮ್ಮ ಸೆಂಟರ್ ಇನ್ನೂ ಐದು ವರ್ಷ ಆಡಬಹುದಿತ್ತು ಕಣೇ’ ಎಂದರು. ‘ಎಡಗೈಯಲ್ಲೂ ಅಷ್ಟೇ ಚೆನ್ನಾಗಿ ಹಾಕುತ್ತಿದ್ದಳು.’ ಅವಳ ನಂಬರ್ ಬೇಕಂತೆ. ದಾವಣಗೆರೆಯಲ್ಲಿದ್ದಾಳೆ ಅಂತಷ್ಟೇ ಗೊತ್ತು. ನಮ್ಮ ಬ್ಯಾಚಿನ ಗುಂಪಿನಲ್ಲಿ ಇವತ್ತೇ ವಿಚಾರಿಸಬೇಕು.