ಓದಿ ದಾಖಲು ಮಾಡಲಾಯಿತು

ನಮ್ಮವ್ವನಿಗೆ ಓದು ಬರುತ್ತಿರಲಿಲ್ಲ. ಆದರೆ ಮುನ್ಸಿಪಾಲ್ಟಿ ಅಂದರೆ ಏನು ಅನ್ನೋದು ಊರಿನ ವಕೀಲರಿಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು. ವಕೀಲರು ಊರನ್ನು ಮುಂಬಾಗಿಲಿನಿಂದ ನೋಡಿದವರು. ನಮ್ಮವ್ವ ಹಿತ್ತಲಿನಿಂದ ನೋಡಿದವಳು. ಬೆಳಗಿನ ಜಾವ ಎದ್ದು, ಪಾಯಿಖಾನೆಗಳ ಹಿಂದಿನ ಕಿಂಡಿ ತೆರೆದು, ತಗಡಿನಿಂದ ಬಳಿದು, ಬುಟ್ಟಿಗೆ ತುಂಬಿ, ಮೇಲೆ ಬೂದಿ ಉದುರಿಸಿ, ತಲೆ ಮೇಲೆ ಹೊತ್ತು ಗಾಡಿಗೆ ಸುರಿಯೋದು ಅವಳ ನೌಕರಿ. ಸರ್ಕಾರಿ ನೌಕರಿ ಅಂತ ನೆಂಟರು ಹೊಟ್ಟೆಕಿಚ್ಚು ಪಡುತ್ತಿದ್ದರು.

ಊರಿನ ಹೆಸರು ಬರೆಯೋದಿಲ್ಲ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಈ ಸೀಮೆಯೊಳಗಿನ ಒಂದು ಊರು ಅಂದುಕೊಳ್ಳಿ. ಹೆಸರು ಬರೆದರೆ ಉಳಿದ ಊರಿನವರು ‘ಇದು ನಮ್ಮದಲ್ಲ’ ಅಂತ ನೆಮ್ಮದಿಯಾಗಿ ಮಲಗುತ್ತಾರೆ.

ನಮ್ಮ ಬಳ್ಳಾರಿ ಸೀಮೆ ಮೊದಲು ಮದರಾಸಿಗೆ ಸೇರಿತ್ತು. ಸಂಡೂರು ಮಾತ್ರ 1949ರವರೆಗೆ ಘೋರ್ಪಡೆಯವರ ಸಂಸ್ಥಾನ. 1953ರ ಅಕ್ಟೋಬರ್ 1ಕ್ಕೆ ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ನಾವು ಮೈಸೂರಿಗೆ ಬಂದೆವು. ರಾಜ್ಯ ಬದಲಾಯಿತು, ಮುನ್ಸಿಪಾಲ್ಟಿ ಬದಲಾಗಲಿಲ್ಲ. ಅದು ನಡೆಯುತ್ತಿದ್ದದ್ದು 1920ರ ಮದರಾಸು ಜಿಲ್ಲಾ ಮುನ್ಸಿಪಾಲಿಟಿ ಕಾಯ್ದೆ ಮೇಲೆಯೇ. ಮೈಸೂರು ರಾಜ್ಯಕ್ಕೆಲ್ಲ ಒಂದೇ ಪುರಸಭಾ ಕಾಯ್ದೆ ಆದದ್ದು 1964ರಲ್ಲಿ. ಅಲ್ಲೀತನಕ ಅದೇ ಚೇರ್ಮನ್, ಅದೇ ಕೌನ್ಸಿಲರು, ಅದೇ ಸ್ಯಾನಿಟರಿ ಇನ್ಸ್‌ಪೆಕ್ಟರ್, ಅವನ ಕೈಕೆಳಗೆ ಅದೇ ಮೇಸ್ತ್ರಿ. ಮೇಸ್ತ್ರಿ ಕೆಳಗೆ ನಮ್ಮವ್ವ. ನಮ್ಮವ್ವನ ಕೆಳಗೆ ಯಾರೂ ಇಲ್ಲ, ನೆಲ ಮಾತ್ರ.

ನಮ್ಮ ಕೇರಿಗೆ ನೀರಿರಲಿಲ್ಲ. ಇದನ್ನು ಎಲ್ಲಿ ಕೂತು ಬರೆಯುತ್ತಿದ್ದೇನೆ ಅನ್ನೋದು ಓದುವವರಿಗೆ ತಿಳಿದಿರಬೇಕು. 1953ರಲ್ಲಿ ತುಂಗಭದ್ರೆಗೆ ಅಡ್ಡಕಟ್ಟಿ ಸಮುದ್ರದಂಥ ನೀರು ನಿಲ್ಲಿಸಿದ ನಾಡಿದು. ವಿಜಯನಗರದವರು ತೋಡಿದ ಕಾಲುವೆಗಳು ಇವತ್ತಿಗೂ ಹರಿಯುವ ನಾಡು. ಹಂಪಿಗೆ ಹೋದರೆ ಕಲ್ಲಿನ ಕಂಬದ ಮೇಲೆ ಕಲ್ಲಿನ ದೋಣಿ ಇಟ್ಟು ಅರಮನೆಗೆ ನೀರು ಹರಿಸಿದ್ದನ್ನು ಗೈಡುಗಳು ತೋರಿಸುತ್ತಾರೆ. ಹೊಸಪೇಟೆ ಹತ್ತಿರ ಕೃಷ್ಣದೇವರಾಯ ದೊಡ್ಡ ಕೆರೆ ಕಟ್ಟಿಸುವಾಗ, ಕಟ್ಟೆ ಒಡೆಯದಿರಲೆಂದು ಅರವತ್ತು ಜನರ ತಲೆ ಕಡಿಸಿದನೆಂದು ಪೋರ್ಚುಗೀಸ್ ಪ್ರವಾಸಿ ಪಾಯಸ್ ಬರೆದಿಟ್ಟಿದ್ದಾನೆ. ಆ ಅರವತ್ತು ಜನ ಯಾವ ಕೇರಿಯವರೋ! ನೀರಿಗೆ ತಲೆ ಕೊಟ್ಟವರು ಒಬ್ಬರು, ನೀರು ಕುಡಿದವರು ಮತ್ತೊಬ್ಬರು.

ನಮ್ಮ ಕೇರಿಯ ಹೆಂಗಸರು ಕಾಲುವೆಗೆ ಹೋಗಿ ತರಬೇಕು. ಕಾಲುವೆಗೆ ನೀರು ಬಿಡದ ದಿನಗಳಲ್ಲಿ ಪೇಟೆಯ ಸೇದುಬಾವಿ ಕಟ್ಟೆ ಕೆಳಗೆ ಕೊಡ ಇಟ್ಟುಕೊಂಡು ನಿಲ್ಲಬೇಕು. ಯಾರಾದರೂ ಮೇಲಿಂದ ಸುರಿದರೆ ಪುಣ್ಯ. ಸುರಿಯದಿದ್ದರೆ ಮಧ್ಯಾಹ್ನ. ಬೆಳಗಿನಿಂದ ಊರಿನ ಹೊಲಸು ಹೊತ್ತ ಹೆಂಗಸಿಗೆ ಕೈ ತೊಳೆಯಲು ನೀರಿಲ್ಲ! ಕಾನೂನು ಇರಲಿಲ್ಲವೆ? ಇತ್ತು. 1924ರಲ್ಲೇ ಮದರಾಸು ಶಾಸನಸಭೆಯಲ್ಲಿ ರೆಟ್ಟಮಲೈ ಶ್ರೀನಿವಾಸನ್ ಸಾರ್ವಜನಿಕ ಬೀದಿ, ಬಾವಿಗಳು ನಮ್ಮವರಿಗೂ ತೆರೆದಿರಬೇಕೆಂದು ಠರಾವು ತಂದಿದ್ದರು. 1938ರಲ್ಲಿ ಮದರಾಸು ಸರ್ಕಾರ ಅದಕ್ಕೆಂದೇ ಕಾಯ್ದೆ ಮಾಡಿತು. 1955ರಲ್ಲಿ ಅಸ್ಪೃಶ್ಯತಾ ಅಪರಾಧ ಕಾಯ್ದೆ ದೇಶಕ್ಕೆಲ್ಲ ಬಂತು. ಇಷ್ಟು ಕಾಯ್ದೆ ಒಂದರ ಮೇಲೊಂದು ಇಟ್ಟರೂ ಬಾವಿ ಕಟ್ಟೆಯಷ್ಟು ಎತ್ತರ ಆಗಲಿಲ್ಲ.

ಪೇಟೆಯಲ್ಲಿ ನಳ ಬಂತು. ಮನೆಗಂದಾಯದ ಚೀಟಿಯಲ್ಲಿ ನೀರಿನ ಬಾಬ್ತು, ದೀಪದ ಬಾಬ್ತು ಅಂತ ನಮ್ಮ ಗುಡಿಸಲಿಗೂ ಬರೆದಿದ್ದರು. ಕಟ್ಟದಿದ್ದಾಗ ಬಿಲ್ ಕಲೆಕ್ಟರ್ ಬಂದು ತಾಮ್ರದ ಕೊಡ ಜಪ್ತಿ ಮಾಡಿಕೊಂಡು ಹೋದ. ನೀರು ಕೊಡದೆ ನೀರಿನ ಕಂದಾಯಕ್ಕೆ ಕೊಡ ಎತ್ತಿಕೊಂಡು ಹೋದದ್ದು! ಅವತ್ತು ನಮ್ಮವ್ವ ಅತ್ತದ್ದು ಕೊಡಕ್ಕೋ ಮಾನಕ್ಕೋ ನನಗೆ ಈಗಲೂ ತಿಳಿಯದು.

1958ರಲ್ಲಿ ಕೇರಿಯವರೆಲ್ಲ ಸೇರಿ ಅರ್ಜಿ ಬರೆಸಿದರು. ಬರೆದವನು ನಾನೇ. ಆಗ ಐದನೇ ಕ್ಲಾಸು. ‘ನಮ್ಮ ಕೇರಿಗೆ ಒಂದು ನಳ ದಯಪಾಲಿಸಬೇಕು’ ಅಂತ ಬರೆದು ಕೆಳಗೆ ಹೆಬ್ಬೆಟ್ಟು ಒತ್ತಿಸಿದೆ. ಹೆಬ್ಬೆಟ್ಟುಗಳು ಕಾಗದದ ಹಿಂಭಾಗಕ್ಕೂ ಹೋದವು. ಅರ್ಜಿ ಹೋಗುವ ದಾರಿ ಆಗ ನನಗೆ ಗೊತ್ತಿರಲಿಲ್ಲ, ಆಮೇಲೆ ತಿಳಿಯಿತು. ಮೊದಲು ಗುಮಾಸ್ತ ಅದಕ್ಕೆ ಆವಕ ನಂಬರ್ ಹಾಕುತ್ತಾನೆ. ಆಮೇಲೆ ಒಂದು ಕಡತ. ಕಡತಕ್ಕೆ ಒಂದು ಟಿಪ್ಪಣಿ. ಟಿಪ್ಪಣಿ ಮೇಲೆ ಸಾಹೇಬರ ಸಹಿ. ಸಹಿಯಾದ ಮೇಲೆ ತಿಂಗಳ ಸಭೆಯ ವಿಷಯಪಟ್ಟಿಗೆ ಬರುತ್ತದೆ. ಪಟ್ಟಿಯಲ್ಲಿ ಮೊದಲು ಹಿಂದಿನ ಸಭೆಯ ನಡವಳಿ, ಆಮೇಲೆ ಜಮಾ ಖರ್ಚು, ಟೆಂಡರು, ಅಂಗಡಿ ಲೈಸೆನ್ಸು, ಸಂತೆ ಸುಂಕದ ಹರಾಜು. ಅರ್ಜಿಗಳು ಕೊನೆಗೆ. ಅಷ್ಟು ಹೊತ್ತಿಗೆ ಸದಸ್ಯರು ಚಹಾ ಕುಡಿದು ಮನೆ ಕಡೆ ಮುಖ ಮಾಡಿರುತ್ತಾರೆ. ಆಗ ಗುಮಾಸ್ತ ಗಡಬಡಿಸಿ ಓದುತ್ತಾನೆ. ನಡವಳಿ ಪುಸ್ತಕದಲ್ಲಿ ಒಂದೇ ಸಾಲು: ‘ಓದಿ ದಾಖಲು ಮಾಡಲಾಯಿತು.’

ಆ ಸಾಲಿನ ಗುಟ್ಟು ಕೇಳಿ ಗೆಳೆಯರೆ. ‘ತಿರಸ್ಕರಿಸಲಾಯಿತು’ ಅಂತ ಬರೆದಿದ್ದರೆ ಮೇಲಿನವರಿಗೆ ದೂರು ಕೊಡಬಹುದು. ‘ಒಪ್ಪಲಾಯಿತು’ ಅಂತ ಬರೆದರೆ ನಳ ಹಾಕಬೇಕು. ‘ದಾಖಲು’ ಅಂದರೆ ಎರಡೂ ಅಲ್ಲ. ಹೆಣಕ್ಕೆ ಗೋರಿಯೂ ಇಲ್ಲ, ಬೆಂಕಿಯೂ ಇಲ್ಲ.

ಸಭೆಯಲ್ಲಿ ನಮ್ಮವರು ಇರಲಿಲ್ಲವೆ? ಒಬ್ಬರಿದ್ದರು. ಮೀಸಲು ಸೀಟಿನಿಂದ ಬಂದ ನಮ್ಮ ಕೇರಿಯ ಹಿರಿಯ. ನಾವು ಅವರನ್ನು ದೊಡ್ಡಪ್ಪ ಅನ್ನುತ್ತಿದ್ದೆವು. ಸಭೆಯ ದಿನ ತೊಳೆದ ಪಂಚೆ ಉಟ್ಟು ಹೋಗುತ್ತಿದ್ದರು. ಕೊನೆಯ ಕುರ್ಚಿ. ಚಹಾ ಬೇರೆ ಲೋಟದಲ್ಲಿ. ಅರ್ಜಿ ಮೂರನೇ ಸಲ ಬಂದಾಗ ಅವರು ಎದ್ದು ನಿಂತು ಕೇಳಿದರಂತೆ:

‘ಸಾಹೇಬ್ರ, ದಾಖಲು ಅಂದ್ರ ಏನ್ರಿ? ನೀರು ಬರ್ತೈತೋ ಇಲ್ಲೋ?’

ಸಭೆಯೆಲ್ಲ ನಕ್ಕಿತಂತೆ. ‘ಬಜೆಟ್ಟಿನಾಗ ದುಡ್ಡಿಲ್ಲಪ್ಪ, ಕುಂದ್ರು’ ಅಂದರಂತೆ. ಅದೇ ದಿನ ಡ್ಯಾಮು ನೋಡಲು ಬರುವ ದೊಡ್ಡ ಮನುಷ್ಯರೊಬ್ಬರಿಗೆ ಸ್ವಾಗತದ ಕಮಾನು ಕಟ್ಟಲು ಹಣ ಮಂಜೂರಾಯಿತು. ಸರ್ವಾನುಮತದಿಂದ. ದೊಡ್ಡಪ್ಪನೂ ಕೈ ಎತ್ತಿದರು. ಎತ್ತದೆ ಏನು ಮಾಡಿಯಾರು? ಎದುರಿನ ಕುರ್ಚಿಯಲ್ಲಿ ಕೂತ ಸಾಹುಕಾರನ ಗದ್ದೆಯಲ್ಲಿ ಅವರ ಮಗ ಸಾಲಕ್ಕೆ ಜೀತಕ್ಕಿದ್ದ. ಎಷ್ಟೋ ವರ್ಷ ಆದಮೇಲೆ ನಾನು ಜೋತಿಬಾ ಫುಲೆಯವರ ಜೀವನ ಓದಿದೆ. 1876ರಿಂದ ಕೆಲವು ವರ್ಷ ಅವರು ಪುಣೆ ಮುನ್ಸಿಪಾಲ್ಟಿಯ ಸದಸ್ಯರು. 1880ರಲ್ಲಿ ವೈಸರಾಯ್ ಲಿಟ್ಟನ್ ಬರುವಾಗ ಸ್ವಾಗತದ ಖರ್ಚಿಗೆ ಅವರೊಬ್ಬರೇ ವಿರೋಧ ಹೇಳಿದರು. ಓದುವಾಗ ದೊಡ್ಡಪ್ಪನ ನೆನಪಾಯಿತು. ಫುಲೆಯವರಿಗೆ ಕಾಂಟ್ರಾಕ್ಟಿನ ಸ್ವಂತ ದುಡಿಮೆ ಇತ್ತು, ಯಾರ ಹಂಗೂ ಇರಲಿಲ್ಲ. ನಮ್ಮ ದೊಡ್ಡಪ್ಪನಿಗೆ ಕುರ್ಚಿ ಕೊಟ್ಟಿದ್ದರು, ಕೈ ಮಾತ್ರ ಸಾಹುಕಾರನ ಹತ್ತಿರವೇ ಅಡ ಇತ್ತು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ.

1959ರ ಬೇಸಿಗೆ. ಕಾಲುವೆ ಬಂದಾಗಿತ್ತು. ಒಂದು ದಿನ ಬಾವಿ ಹತ್ತಿರ ಮೂರು ತಿಂಗಳ ಬಾಣಂತಿಯೊಬ್ಬಳು ಮಧ್ಯಾಹ್ನದ ತನಕ ನಿಂತು ಬವಳಿ ಬಂದು ಬಿದ್ದಳು. ಅವಳೂ ಬುಟ್ಟಿ ಹೊರುವವಳೇ. ಸಂಜೆ ಹೆಂಗಸರು ನಮ್ಮ ಗುಡಿಸಲ ಮುಂದೆ ಕೂತರು. ಯಾರೂ ಭಾಷಣ ಮಾಡಲಿಲ್ಲ. ನಮ್ಮವ್ವ ಇಷ್ಟೇ ಅಂದಳು:

‘ನಾಳೆ ಯಾರೂ ಏಳಬ್ಯಾಡ್ರೇ. ಮಲಗಿಕೊಳ್ರಿ.’

ಸಂಘ ಇಲ್ಲ, ಬಾವುಟ ಇಲ್ಲ, ನೋಟೀಸು ಇಲ್ಲ. ಬರೀ ಮಲಗಿಕೊಂಡರು. ಮೊದಲ ದಿನ ಮೇಸ್ತ್ರಿ ಬಂದು ಬೈದ. ಎರಡನೇ ದಿನ ಇನ್ಸ್‌ಪೆಕ್ಟರ್ ಬಂದು ಕೆಲಸದಿಂದ ತೆಗೀತೀನಿ ಅಂದ. ‘ತೆಗೀರಿ ಯಪ್ಪಾ, ನೀವಾ ಹೊರ್ರಿ’ ಅಂದಳು ಒಬ್ಬ ಮುದುಕಿ. ಮೂರನೇ ದಿನ ಊರು ನಾತಕ್ಕೆ ಬಾಗಿಲು ಹಾಕಿಕೊಂಡಿತು. ಗೊಬ್ಬರದ ಗುಂಡಿಗೂ ಗಾಡಿ ಹೋಗಲಿಲ್ಲ. ಆ ಗುಂಡಿಯ ಗೊಬ್ಬರವನ್ನು ಮುನ್ಸಿಪಾಲ್ಟಿ ವರ್ಷಾ ಹರಾಜು ಹಾಕುತ್ತಿತ್ತು, ಕಬ್ಬಿನ ಗದ್ದೆಯವರು ಕೊಳ್ಳುತ್ತಿದ್ದರು. ನಮ್ಮವ್ವ ಹೊತ್ತದ್ದು ಜಮಾ ಬಾಬ್ತಿನಲ್ಲಿ ಬರುತ್ತಿತ್ತು. ನಮ್ಮ ನೀರು ಮಾತ್ರ ಖರ್ಚಿನ ಬಾಬ್ತು.

ನಾಲ್ಕನೇ ದಿನ ಬೆಳಿಗ್ಗೆ ತುರ್ತು ಸಭೆ. ವರ್ಷದಿಂದ ಇಲ್ಲದ ದುಡ್ಡು ಒಂದು ಗಳಿಗೆಯಲ್ಲಿ ಸಿಕ್ಕಿತು. ನಳ ಮಂಜೂರು. ಒಂದೇ ನಳ. ಅದೂ ಕೇರಿಯೊಳಗೆ ಅಲ್ಲ, ಕೇರಿ ಬಾಯಿಗೆ. ಅದೇ ಸಭೆಯಲ್ಲಿ ಅದರ ಮುಂದಿನ ಠರಾವು: ಗೈರುಹಾಜರಾದ ಮೂರು ದಿನದ ಕೂಲಿ ಕಡಿತ.

ನಳದಲ್ಲಿ ಮೊದಲ ದಿನ ನೀರು ಬಂದಾಗ ಕೇರಿಯ ಹುಡುಗರೆಲ್ಲ ಅದರ ಕೆಳಗೆ ಕುಣಿದೆವು. ಯಾರೋ ‘ಮುನ್ಸಿಪಾಲ್ಟಿಯೋರು ಕೊಟ್ರಲ್ಲವ್ವ’ ಅಂದರು. ನಮ್ಮವ್ವ ಕೊಡ ತುಂಬುತ್ತಾ ಅಂದಳು: ‘ಯಾರು ಕೊಟ್ರು? ಮೂರು ದಿನದ ಕೂಲಿ ಕೊಟ್ಟು ನಾವಾ ಕೊಂಡಿವಿ.’

1981ರ ಜನಗಣತಿಗೆ ಮೇಷ್ಟ್ರುಗಳನ್ನು ಹಾಕಿದ್ದರಲ್ಲ, ಆಗ ಅದೇ ಕಚೇರಿಯಲ್ಲಿ ಕೆಲವು ದಿನ ಕೂತಿದ್ದೆ. ಹಳೇ ರೆಕಾರ್ಡು ನೋಡುವ ಆಸೆಯಾಯಿತು. ಪರಿಚಯದ ಗುಮಾಸ್ತ ಧೂಳು ಕೊಡವಿ 1959ರ ನಡವಳಿ ಪುಸ್ತಕ ಕೊಟ್ಟ. ಪುಟ ಸಿಕ್ಕಿತು. ‘ಸಾರ್ವಜನಿಕ ಆರೋಗ್ಯದ ದೃಷ್ಟಿಯಿಂದ’ ನಳ ಹಾಕಲು ತೀರ್ಮಾನಿಸಲಾಯಿತು ಅಂತ ಇತ್ತು. ಹೆಂಗಸರು ಮಲಗಿದ್ದು ಇಲ್ಲ. ಬಾಣಂತಿ ಬಿದ್ದದ್ದು ಇಲ್ಲ. ನಮ್ಮವ್ವನ ಹೆಸರು ಇಲ್ಲ. ಪುಟ ತಿರುವಿದೆ: ಕಸಬರಿಗೆ ಇಷ್ಟು, ಬುಟ್ಟಿ ಇಷ್ಟು, ಬೂದಿ ಇಷ್ಟು, ಎತ್ತಿನ ಹುಲ್ಲು ಇಷ್ಟು, ತೋಟಿಗಳು ಇಷ್ಟು. ಆ ಸಾಲಿನಲ್ಲಿ ನಮ್ಮವ್ವ ಇದ್ದಳು. ಎತ್ತಿನ ಹುಲ್ಲಿಗೂ ಆಕಳ ಸಗಣಿಗೂ ಲೆಕ್ಕ ಇಡುವ ಪುಸ್ತಕದಲ್ಲಿ ಅವಳು ಒಂದು ಅಂಕಿ.

ಸಂಡೂರಿನ ಕುಮಾರಸ್ವಾಮಿ ಗುಡಿಯನ್ನು 1932ರಲ್ಲೇ ಅಲ್ಲಿನ ದೊರೆ ನಮ್ಮವರಿಗೆ ತೆರೆಸಿದ್ದರು. ದೊಡ್ಡ ಮಾತೇ, ಅಲ್ಲಗಳೆಯೋದಿಲ್ಲ. ಆದರೆ ಗುಡಿ ತೆರೆಯಲು ಒಂದು ಕೀಲಿ ಸಾಕು. ನಳಕ್ಕೆ ಪೈಪು ಬೇಕು, ಪೈಪಿಗೆ ದುಡ್ಡು ಬೇಕು, ದುಡ್ಡಿಗೆ ಠರಾವು ಬೇಕು, ಠರಾವಿಗೆ ಕೈ ಬೇಕು. ದೇವರ ಬಾಗಿಲು ತೆರೆದಷ್ಟು ಸುಲಭವಾಗಿ ಬಜೆಟ್ಟಿನ ಬಾಗಿಲು ತೆರೆಯೋದಿಲ್ಲ.

ಠರಾವು ಆದರೂ ಸಾಕಾಗದು ಅನ್ನೋದಕ್ಕೆ ಮಹಾಡ್ ಇದೆ. 1924ರಲ್ಲಿ ಮಹಾಡ್ ಮುನ್ಸಿಪಾಲ್ಟಿ ಚವದಾರ್ ಕೆರೆ ಎಲ್ಲರಿಗೂ ಅಂತ ಠರಾವು ಮಾಡಿತು. ಮೂರು ವರ್ಷ ಆ ಠರಾವು ಪುಸ್ತಕದಲ್ಲಿ ಒಣಗಿ ಕೂತಿತ್ತು. 1927ರ ಮಾರ್ಚ್ 20ಕ್ಕೆ ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋಗಿ ನೀರು ಮುಟ್ಟಿದಾಗ ಅದು ಒದ್ದೆಯಾಯಿತು. ಒದ್ದೆಯಾದ ಕೂಡಲೇ ಆಗಸ್ಟ್‌ನಲ್ಲಿ ಮುನ್ಸಿಪಾಲ್ಟಿ ಠರಾವು ವಾಪಸ್ ತೆಗೆದುಕೊಂಡಿತು! ಕೋರ್ಟಿನಲ್ಲಿ ಕೊನೆಯ ತೀರ್ಪು ನಮ್ಮ ಕಡೆ ಆದದ್ದು 1937ರಲ್ಲಿ. ಪುಸ್ತಕದ ಅಕ್ಷರಕ್ಕೆ ಜೀವ ಬರೋದು ಕಾಲು ನಡೆದಾಗ, ಇಲ್ಲವೆ ಕೈ ನಿಂತಾಗ.

ಆಮೇಲಿನದು ನಿಮಗೆ ಗೊತ್ತಿದೆ. ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿ ಹುಕುಂ ಮಾಡಿದರು. ನಮ್ಮವ್ವ ಬುಟ್ಟಿ ಕೆಳಗಿಟ್ಟದ್ದು ಆಗಲೇ. ಐ.ಪಿ.ಡಿ. ಸಾಲಪ್ಪ ಸಮಿತಿ 1976ರಲ್ಲಿ ವರದಿ ಕೊಟ್ಟಿತು. 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು. ತೋಟಿ ಹೋಗಿ ಪೌರಕಾರ್ಮಿಕ ಅನ್ನುವ ಹೆಸರು ಬಂತು. ಹೊಸಪೇಟೆ 2021ರಿಂದ ಜಿಲ್ಲಾ ಕೇಂದ್ರ. ಆದರೂ ಒಳಚರಂಡಿ ಗುಂಡಿಯಲ್ಲಿ ಉಸಿರು ಕಟ್ಟಿ ಸತ್ತವರ ಸುದ್ದಿ ದೇಶದ ಯಾವುದಾದರೂ ಮೂಲೆಯಿಂದ ಬರುತ್ತಲೇ ಇದೆ. ಸತ್ತವರ ಜಾತಿ ಕೇಳಬೇಕಾಗಿಲ್ಲ. 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಕಸಬರಿಗೆ ಕೆಳಗಿಟ್ಟು ಬೀದಿಗೆ ಬಂದರು. ಖಾಯಂ ಮಾಡುವ ಮಾತು ಸರ್ಕಾರದ ಬಾಯಿಂದ ಹೊರಟದ್ದು ಆಮೇಲೆ. ಟಿ.ವಿ.ಯಲ್ಲಿ ನೋಡುವಾಗ ನನಗೆ ನಮ್ಮವ್ವನ ಮಾತೇ ಕೇಳಿಸಿತು: ನಾಳೆ ಯಾರೂ ಏಳಬ್ಯಾಡ್ರೇ.

ಹಳ್ಳಿ ಊರುಗಳಲ್ಲಿ ಕಲಿಸುವ ಮೇಷ್ಟ್ರುಗಳಿಗೆ, ಸಂಘಟನೆಯ ಹುಡುಗ ಹುಡುಗಿಯರಿಗೆ ನನ್ನದೊಂದು ಮಾತು. ದಿಲ್ಲಿ, ಬೆಂಗಳೂರಿನ ರಾಜಕೀಯ ಬಾಯಿಪಾಠ ಆಗಿದೆ ನಮಗೆ. ನಮ್ಮೂರ ಪುರಸಭೆಯ ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಏನಿದೆ ಅಂತ ಕೇಳಿದರೆ ತಲೆ ಕೆರೆದುಕೊಳ್ಳುತ್ತೇವೆ. ನಮ್ಮನ್ನು ದಿನಾ ಆಳುವುದು ಆ ಪಟ್ಟಿಯೇ. ನಳ ಎಲ್ಲಿ, ದೀಪ ಎಲ್ಲಿ, ಚರಂಡಿ ಎಲ್ಲಿಗೆ ಬಂದು ನಿಲ್ಲಬೇಕು, ಕೈಗೆ ಗವಸು ಬಂತೋ ಬರೀ ಬಿಲ್ಲು ಬಂತೋ, ಎಲ್ಲ ಅದರಲ್ಲಿದೆ. ಈಗ ಮಾಹಿತಿ ಹಕ್ಕಿನ ಕಾಯ್ದೆ ಇದೆ. ಒಂದು ಅರ್ಜಿ ಹಾಕಿ ನಡವಳಿ ಪುಸ್ತಕ ತೆಗೆಸಿರಿ. ಕೇರಿಯ ಕಟ್ಟೆ ಮೇಲೆ ಕೂತು ಗಟ್ಟಿಯಾಗಿ ಓದಿರಿ. ‘ದಾಖಲು ಮಾಡಲಾಯಿತು’ ಅಂತ ಎಲ್ಲೆಲ್ಲಿ ಇದೆಯೋ ಅಲ್ಲಲ್ಲಿ ಬೆರಳಿಟ್ಟು, ದೊಡ್ಡಪ್ಪ ಕೇಳಿದ ಪ್ರಶ್ನೆಯನ್ನೇ ಕೇಳಿರಿ.

ನಮ್ಮವ್ವ ತೀರಿಕೊಂಡು ಬಹಳ ವರ್ಷ ಆಯಿತು. ಆ ನಳ ಈಗಿಲ್ಲ, ಮನೆಮನೆಗೆ ಬೇರೆ ಪೈಪು ಬಂದಿದೆ. ನಳ ಇದ್ದ ಜಾಗದಲ್ಲಿ ಕಲ್ಲಿನ ಹಾಸು ಮಾತ್ರ ಉಳಿದಿದೆ, ಕೊಡ ಇಟ್ಟು ಇಟ್ಟು ತಗ್ಗಾದದ್ದು. ಊರಿಗೆ ಹೋದಾಗ ಅದನ್ನು ನೋಡಿ ಬರುತ್ತೇನೆ. ಮೂರು ದಿನದ ಕೂಲಿ ಎಷ್ಟಾಗಿತ್ತು ಅಂತ ಅವಳನ್ನು ಕೇಳಬೇಕಾಗಿತ್ತು. ಕೇಳಲಿಲ್ಲ.