ಪಾಡೋ ಪುಡಿಯೋ

ಫೆಸ್ಟ್‌ನಲ್ಲಿ ಚುರುಮುರಿ ಸ್ಟಾಲ್ ಹಾಕಿದ್ವಲ್ಲ, ಅದರಲ್ಲಿ ಖರ್ಚೆಲ್ಲ ಕಳೆದು 8,200 ರೂಪಾಯಿ ಉಳಿಯಿತು. ಕೆಸರೆ ಮೂರನೇ ಹಂತದ ನಮ್ಮ ಬಾಡಿಗೆ ಮನೆಯಲ್ಲಿ ನಾವು ನಾಲ್ಕು ಜನ. ಹಂಚಿಕೊಂಡರೆ ತಲೆಗೆ ಎರಡು ಸಾವಿರ ಚಿಲ್ಲರೆ, ಒಂದೇ ವಾರದಲ್ಲಿ ಬಿರಿಯಾನಿಗೆ ಕರಗಿಹೋಗುತ್ತೆ. ಅದರ ಬದಲು ಮನೆಗೆ ಒಂದು ಕಾಫಿ ಮಷಿನ್ ತರೋಣ ಅಂತ ತೀರ್ಮಾನ ಆಯ್ತು. ಎಂಥಾ ಮಷಿನ್ ಅನ್ನೋದಕ್ಕೆ ಮಾತ್ರ ಮೂರು ವಾರ ಹಿಡಿಯಿತು.

ಪಾಡ್ ಹುಚ್ಚು ಹಿಡಿಸಿದವನು ಇ ಅಂಡ್ ಸಿ. (ಮನೆಯಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ಅಭ್ಯಾಸ ಇಲ್ಲ, ಬ್ರಾಂಚ್ ಇಲ್ಲ ಊರು.) ರಜೆಯಲ್ಲಿ ಬೆಂಗಳೂರಿನ ಆಫೀಸೊಂದರಲ್ಲಿ ಇಂಟರ್ನ್‌ಶಿಪ್ ಮಾಡಿ ಬಂದಿದ್ದ. ಅಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಡಬ್ಬಿಯೊಂದನ್ನು ಮಷಿನ್ನಿಗೆ ಹಾಕಿ ಬಟನ್ ಒತ್ತಿದರೆ ಅರ್ಧ ನಿಮಿಷದಲ್ಲಿ ನೊರೆ ಸಮೇತ ಕಾಫಿ ಬರುತ್ತಿತ್ತಂತೆ. ಆ ಕತೆಯನ್ನು ದಿನಕ್ಕೆ ಎರಡು ಸಲ ಕೇಳಿದೆವು. ಆದರೆ ನಮ್ಮ ಮನೆಯಲ್ಲಿ ಒಂದು ಸಮಸ್ಯೆ ಇತ್ತು: ಸಕಲೇಶಪುರ. ಅವನ ಅಪ್ಪ ಅಲ್ಲಿನ ಒಂದು ತೋಟದಲ್ಲಿ ರೈಟರ್. ಮನೆ ಖರ್ಚಿಗೆ ಅಂತ ತೋಟದಿಂದ ಸಿಗುವ ರೊಬಸ್ಟಾ ಬೀಜವನ್ನು ಅವನ ಅಮ್ಮ ಮನೆಯಲ್ಲೇ ಹುರಿದು, ಮಿಲ್ಲಿನಲ್ಲಿ ಚಿಕೋರಿ ಸೇರಿಸಿ ಪುಡಿ ಮಾಡಿಸಿ ಕಳಿಸುತ್ತಾರೆ. ಒಂದು ವರ್ಷದಿಂದ ನಾವು ಕುಡಿಯುತ್ತಿರುವುದು ಅದೇ ಪುಡಿ, ಒಂದು ರೂಪಾಯಿ ಕೊಡದೆ. ಅಂಥವನ ಎದುರಿಗೆ ಪಾಡ್ ಮಷಿನ್ ತಂದು ಇಟ್ಟರೆ ಹೇಗೆ? ಅವನ ಅಮ್ಮನಿಗೆ ಗೊತ್ತಾದರೆ ಏನಂದುಕೊಳ್ಳುತ್ತಾರೆ? ಅದಕ್ಕೇ ಪಾಡೂ ಹಾಕಬಹುದಾದ, ಪುಡಿಯೂ ಹಾಕಬಹುದಾದ ಮಷಿನ್ ಹುಡುಕಲು ಕೂತೆವು. ನಮ್ಮ ಲೆಕ್ಕದಲ್ಲಿ ಅದು ಅವನಿಗೆ ನಾವು ಕೊಡುವ ಮರ್ಯಾದೆ.

ಅಂಥ ಮಷಿನ್‌ಗಳು ಇವೆ. ಎರಡು ಮೂರು ಅಡಾಪ್ಟರ್ ಜೊತೆಗೆ ಬರುತ್ತವೆ, ಒಂದೊಂದು ಥರದ ಪಾಡ್‌ಗೆ ಒಂದೊಂದು, ಪುಡಿಗೆ ಇನ್ನೊಂದು. ಸೇಲ್‌ನಲ್ಲಿ 7,999ಕ್ಕೆ ಒಂದು ಕಾಣಿಸಿತು. ಮೆಕ್ಯಾನಿಕಲ್ ತಕ್ಷಣ ಸ್ಪೆಸಿಫಿಕೇಶನ್ ಓದಿ, 1450 ವ್ಯಾಟ್, ಕರೆಂಟ್ ಬಿಲ್ ಸುಟ್ಟುಹೋಗುತ್ತೆ ಅಂದ. ಓನರ್ ಆಂಟಿ ಗೃಹಜ್ಯೋತಿ ಯೂನಿಟ್ ವಿಷಯದಲ್ಲಿ ಬಹಳ ಸ್ಟ್ರಿಕ್ಟು, ಹಾಗಾಗಿ ಒಂದು ರಾತ್ರಿಯೆಲ್ಲ ಭಯಪಟ್ಟೆವು. ಬೆಳಿಗ್ಗೆ ಲೆಕ್ಕ ಹಾಕಿದರೆ, ಒಂದು ಕಪ್‌ಗೆ ಮಷಿನ್ ಒಂದು ನಿಮಿಷ ಓಡಿತು ಅಂತಿಟ್ಟುಕೊಂಡರೂ 0.024 ಯೂನಿಟ್. ದಿನಕ್ಕೆ ಎಂಟು ಕಪ್ ಮಾಡಿದರೂ ತಿಂಗಳಿಗೆ ಆರು ಯೂನಿಟ್ ಆಗಲ್ಲ. ವ್ಯಾಟಿಗೂ ಯೂನಿಟ್ಟಿಗೂ ವ್ಯತ್ಯಾಸ ಮರೆತದ್ದು ಇಂಜಿನಿಯರಿಂಗ್ ಓದುವ ನಾಲ್ಕು ಜನ ಅಂತ ದಯವಿಟ್ಟು ಯಾರೂ ನಮ್ಮ ಹೆಚ್‌ಒಡಿಗೆ ಹೇಳಬೇಡಿ. ನಿಜವಾದ ತೊಂದರೆ ಬೇರೆ ಕಡೆ ಇತ್ತು. 1450 ವ್ಯಾಟ್ ಅಂದರೆ 230 ವೋಲ್ಟಿಗೆ ಆರು ಆಂಪಿಯರ್ ದಾಟುತ್ತೆ. ಅಡುಗೆಮನೆಯಲ್ಲಿ ಇರೋದು 6 ಆಂಪಿನ ಸಣ್ಣ ಸಾಕೆಟ್. ಮನೆಯಲ್ಲಿ 16 ಆಂಪಿನದು ಒಂದೇ, ಬಾತ್‌ರೂಮಿನ ಗೀಸರ್‌ದು.

"ಅಲ್ಲೇ ಕಾಫಿ ಮಾಡ್ಕೊಂಡು ಅಲ್ಲೇ ಸ್ನಾನ ಮಾಡ್ಕೊಂಡು ಬನ್ನಿ ಗುರು," ಅಂದ ಸಕಲೇಶಪುರ. ಆ ಮೂರು ವಾರದಲ್ಲಿ ಮಷಿನ್ ಬಗ್ಗೆ ಅವನು ಆಡಿದ ಮಾತು ಹೆಚ್ಚುಕಮ್ಮಿ ಅದೊಂದೇ. ನಾವು ಬೇಜಾರಾಗಿದ್ದಾನೆ ಅಂದುಕೊಂಡೆವು.

ಅದೇ ಥರದ ಮಷಿನ್ ವಿಜಯನಗರದಲ್ಲಿರುವ ಇ ಅಂಡ್ ಸಿಯ ಅಕ್ಕನ ಮನೆಯಲ್ಲಿ ಇತ್ತು. ಭಾನುವಾರ ಎರಡು ಸ್ಕೂಟರ್‌ನಲ್ಲಿ ರಿಂಗ್ ರೋಡ್ ಹಿಡಿದು ಹೋದೆವು, ಪುಡಿ ಡಬ್ಬ ಸಮೇತ. ಭಾವ ಮೊದಲು ಪಾಡ್ ಹಾಕಿ ತೋರಿಸಿದರು. ಸುಳ್ಳು ಯಾಕೆ ಹೇಳಬೇಕು, ಚೆನ್ನಾಗಿತ್ತು. ಪಾಡ್ ಒಳಗೆ ಇರೋದು ಸುಮಾರು 5 ಗ್ರಾಂ ಪುಡಿ, ಗಾಳಿಯಾಡದ ಹಾಗೆ ಸೀಲ್ ಮಾಡಿರುತ್ತಾರೆ. ಮಷಿನ್ ಅದಕ್ಕೆ ತೂತು ಹೊಡೆದು 15 ಬಾರ್ ಪಂಪಿನಿಂದ ಬಿಸಿನೀರು ನುಗ್ಗಿಸುತ್ತೆ. ನಮ್ಮ ಸ್ಟೀಲ್ ಫಿಲ್ಟರ್‌ನಲ್ಲಿ ನೀರನ್ನು ತಳ್ಳುವುದು ನೀರಿನದೇ ಭಾರ, ಹತ್ತು ಸೆಂಟಿಮೀಟರ್ ನೀರು ನಿಂತರೆ 0.01 ಬಾರ್. ಅಂದರೆ ಆ ಪಂಪು ಸಾವಿರದ ಐನೂರು ಪಟ್ಟು ಜೋರು. ಅರ್ಧ ನಿಮಿಷಕ್ಕೂ ಅರ್ಧ ಗಂಟೆಗೂ ಇರುವ ವ್ಯತ್ಯಾಸ ಅಷ್ಟೇ.

ಆಮೇಲೆ ಅಡಾಪ್ಟರ್ ಬದಲಿಸಿ ಸಕಲೇಶಪುರದ ಪುಡಿ ಹಾಕಿದೆವು. ಮಷಿನ್ ಗುರ್ ಅಂತು, ನಡುಗಿತು, ಕೊನೆಗೆ ಕರೀ ಹನಿ ನಾಲ್ಕು ಬಿತ್ತು. "ನಮ್ಮ ಫಿಲ್ಟರ್ ಪುಡಿ ಇದಕ್ಕೆ ಆಗಲ್ಲ ಕಣ್ರೋ, ಚಿಕೋರಿ ಕಟ್ಟಿಕೊಳ್ಳುತ್ತೆ," ಅಂದರು ಭಾವ. ಚಿಕೋರಿ ನೀರು ಕುಡಿದು ಅಂಟಂಟಾಗುತ್ತೆ. ನಿಧಾನವಾಗಿ ಇಳಿಯುವ ಫಿಲ್ಟರ್‌ನಲ್ಲಿ ಅದೇ ಡಿಕಾಕ್ಷನ್ನಿಗೆ ಬಣ್ಣ, ಗಟ್ಟಿತನ ಕೊಡುವುದು. ಪ್ರೆಷರ್ ಕೊಟ್ಟರೆ ಗೋಡೆಯ ಥರ ನಿಲ್ಲುತ್ತೆ. ಚಿಕೋರಿ ಇಲ್ಲದ ಪುಡಿಯಾದರೆ ನಡೆಯುತ್ತೆ, ಆದರೆ ಒಂದು ಸಲಕ್ಕೆ ಒಂದೇ ಕಪ್. ಮತ್ತೆ ಬಿಚ್ಚಿ, ತೊಳೆದು, ತುಂಬಿ. ತುಂಬಿಕೊಳ್ಳುವ ಸ್ಟೀಲ್ ಪಾಡ್ ಕೂಡ ಸಿಗುತ್ತೆ ಅಂತ ಅಕ್ಕ ಒಂದನ್ನು ತೋರಿಸಿದರು. ಅದನ್ನು ತೊಳೆಯಲು ಟೂತ್‌ಬ್ರಷ್ ಬೇಕು.

ಈ ಯೋಚನೆಯಲ್ಲಿ ಇದ್ದಾಗಲೇ ಅಕ್ಕ ಅಡುಗೆಮನೆಯಿಂದ ಹಾಲು ಕಾಯಿಸಿ ತಂದರು. ಆಗ ಹೊಳೆಯಿತು: ಮಷಿನ್ ಹಾಲು ಕಾಯಿಸಲ್ಲ. ನಾವು ಕುಡಿಯುವ ಕಾಫಿಯಲ್ಲಿ ಮುಕ್ಕಾಲು ಲೋಟ ಹಾಲೇ. ಯಾರಾದರೂ ಎದ್ದು, ಪಾಕೆಟ್ ಕತ್ತರಿಸಿ, ಉಕ್ಕದ ಹಾಗೆ ನಿಂತು ನೋಡಿ, ಪಾತ್ರೆ ತೊಳೆಯಲೇಬೇಕು.

ವಾಪಸ್ ಬಂದು ಮೆಕ್ಯಾನಿಕಲ್ ಲೆಕ್ಕ ಬರೆದ. ನಾವು ನೋಡಿದ ಅಗ್ಗದ ಪಾಡೇ 40 ರೂಪಾಯಿ ಆಸುಪಾಸು. ಕಿಲೋ ಲೆಕ್ಕದಲ್ಲಿ 8,000. ನಾಲ್ಕು ಜನ, ದಿನಕ್ಕೆ ಎರಡೆರಡು ಅಂದರೆ ತಿಂಗಳಿಗೆ 9,600. ನಮ್ಮ ಮನೆ ಬಾಡಿಗೆ 10,000. ಪಾಡನ್ನು 1986ರಲ್ಲಿ ಮಾರ್ಕೆಟ್ಟಿಗೆ ತಂದ ನೆಸ್ಲೆಯ ಇನ್‌ಸ್ಟಂಟ್ ಕಾಫಿ ಫ್ಯಾಕ್ಟರಿ ಇಲ್ಲೇ ನಂಜನಗೂಡಿನಲ್ಲಿದೆ, ಹೋಗಿ ಕೆಲಸಕ್ಕೆ ಸೇರಿಕೊಂಡರೆ ಮಾತ್ರ ಪೂರೈಸುತ್ತೆ ಅಂತ ನಕ್ಕೆವು. "ಸರಿ ಬಿಡು, ಪುಡಿನೇ ಸಾಕು. ನಿಮ್ಮ ಪುಡಿ ಮುಂದೆ ಯಾವ ಪಾಡೂ ಇಲ್ಲ ಮಗಾ," ಅಂತ ಸಕಲೇಶಪುರನ ಬೆನ್ನು ತಟ್ಟಿದೆವು. ಖುಷಿಪಡುತ್ತಾನೆ ಅಂದುಕೊಂಡಿದ್ದೆವು.

"ನನಗೆ ಪಾಡ್ ಬೇಕಿತ್ತು," ಅಂದ.

ಯಾರೂ ಮಾತಾಡಲಿಲ್ಲ. ಅವನೇ ಮುಂದುವರಿಸಿದ. "ರಾತ್ರಿ ಮಲಗೋ ಮುಂಚೆ ಪುಡಿ ಹಾಕಿ ನೀರು ಬಿಡೋದು ನಾನು. ಐದೂ ಮುಕ್ಕಾಲಿಗೆ ಎದ್ದು ಹಾಲು ಕಾಯಿಸೋದು ನಾನು. ಗಷ್ಟು ಚೆಲ್ಲಿ ಫಿಲ್ಟರ್ ತೊಳೆಯೋದು ನಾನು. ಒಂದು ವರ್ಷ ಆಯ್ತು. ನೀವು ಮೂರೂ ಜನ ಎದ್ದು 'ಡಿಕಾಕ್ಷನ್ ಇಳಿದಿದ್ಯಾ' ಅಂತ ಕೇಳ್ತೀರ. ನಮ್ಮ ಮನೆ ಪುಡಿ ಅಂತ ನನ್ನ ಡ್ಯೂಟಿ ಆಗ್ಬಿಡ್ತಾ? ಪಾಡ್ ಬಂದ್ರೆ ಅವರವರ ಬಟನ್ ಅವರವರು ಒತ್ಕೋತಾರೆ, ನಾನು ಏಳು ಗಂಟೆವರೆಗೆ ಮಲಗ್ತೀನಿ ಅಂತ ಸುಮ್ಮನಿದ್ದೆ."

ಕಳೆದ ಸೆಮ್‌ನಲ್ಲಿ ನಮ್ಮ ಪೈಕಿ ಬ್ಯಾಕ್ ಉಳಿದದ್ದು ಅವನಿಗೊಬ್ಬನಿಗೇ, ಮ್ಯಾಥ್ಸ್‌ನಲ್ಲಿ. ಕಾಫಿಗೂ ಅದಕ್ಕೂ ಸಂಬಂಧ ಇದೆ ಅಂತ ಅವನು ಹೇಳಲಿಲ್ಲ. ಹೇಳಿದ್ದರೆ ವಾದ ಮಾಡಬಹುದಿತ್ತು.

ನಾವು ಫಿಲ್ಟರ್ ಅನ್ನು ಮೊದಲ ಸಲ ಬಿಚ್ಚಿ ನೋಡಿದ್ದು ಅವತ್ತು ರಾತ್ರಿ. ತಳದ ತೂತುಗಳಲ್ಲಿ ಅರ್ಧ ಕಟ್ಟಿಕೊಂಡಿದ್ದವು. ಅವನು ಪಿನ್ನು ಹಾಕಿ ಬಿಡಿಸುತ್ತಿದ್ದನಂತೆ, ಸ್ಟೌ ಮೇಲೆ ಕಾಯಿಸಿ ಸುಡುತ್ತಿದ್ದನಂತೆ. ಇದೆಲ್ಲ ನಾವು ಮಲಗಿದ ಮೇಲೆ.

ಕೊನೆಗೆ ತಂದದ್ದು ಮೋಕಾ ಪಾಟ್. 1933ರಲ್ಲಿ ಇಟಲಿಯಲ್ಲಿ ಬಂದ ಡಿಸೈನು, ಗ್ಯಾಸ್ ಸ್ಟೌ ಮೇಲೆ ಇಡುವುದು. ಕೆಳಗೆ ನೀರು, ನಡುವೆ ಪುಡಿ, ನೀರು ಕಾದಾಗ ಹಬೆ ತನ್ನ ಒತ್ತಡದಿಂದಲೇ ನೀರನ್ನು ಪುಡಿಯೊಳಗೆ ಹಾಯಿಸಿ ಮೇಲಕ್ಕೆ ಏರಿಸುತ್ತೆ. ಕುಕ್ಕರಿಗೆ ಇರುವ ಹಾಗೆ ಸೇಫ್ಟಿ ವಾಲ್ವೂ ಇದೆ. ಒತ್ತಡ ಒಂದೂವರೆ ಬಾರ್ ಆಸುಪಾಸು, ಪಂಪಿಗಿಂತ ಬಹಳ ಕಮ್ಮಿ, ಫಿಲ್ಟರಿಗಿಂತ ಬಹಳ ಜಾಸ್ತಿ. ಸಾಕೆಟ್ ಬೇಡ, ರಾತ್ರಿಯೇ ಹಾಕಿಡಬೇಕಿಲ್ಲ, ಆರು ಕಪ್ಪಿನದು ಒಂದು ಸಲಕ್ಕೆ ನಾಲ್ಕು ಜನಕ್ಕೂ ಸಾಕು. 1,600 ರೂಪಾಯಿ. ಪುಡಿಯನ್ನು ಒತ್ತಿ ತುಂಬಬಾರದು, ಅದೊಂದು ನೆನಪಿಟ್ಟುಕೊಳ್ಳಿ. ಈ ಸಲ ಚಿಕೋರಿ ಹಾಕದೆ ಕಳಿಸಿ ಅಂತ ಅವನ ಅಮ್ಮನಿಗೆ ಫೋನ್ ಮಾಡಿದ್ದು ನಾವೇ. "ಯಾಕಪ್ಪಾ, ಹುಷಾರಿಲ್ವಾ ಯಾರಿಗಾದ್ರೂ?" ಅಂತ ಗಾಬರಿಯಾದರು.

ಗೋಡೆಗೆ ಪಾಳಿ ಬರೆದು ಅಂಟಿಸಿದ್ದೇವೆ. ಮೊದಲ ವಾರದಲ್ಲಿ ಅವನ ಹೆಸರಿಲ್ಲ. ಸೋಮವಾರ ಇ ಅಂಡ್ ಸಿ ಆರು ಗಂಟೆಗೆ ಎದ್ದ. ಉರಿ ಜಾಸ್ತಿ ಇಟ್ಟು ಕಾಫಿ ಸೀದು ಕಹಿಯಾಯಿತು, ಹಾಲು ಉಕ್ಕಿ ಸ್ಟೌ ಆರಿತು. ಏಳೂಕಾಲಿಗೆ ಸಕಲೇಶಪುರನನ್ನು ಎಬ್ಬಿಸಿ ಲೋಟ ಕೊಟ್ಟೆವು. ಒಂದು ಗುಟುಕು ಕುಡಿದ. ಮುಖ ನೋಡುತ್ತಾ ನಿಂತಿದ್ದೆವು.

"ಸಕ್ಕರೆ ತಗೊಂಡ್ ಬಾ," ಅಂದ. ಇ ಅಂಡ್ ಸಿ ಓಡಿ ಹೋಗಿ ತಂದ.