ಕಾವಲಿಗಿದ್ದವ ಎಚ್ಚರ ಅದಾನೇನು?

ನಮ್ಮ ಕಾಲೇಜಿನ ರಕ್ತದಾನಿಗಳ ಪಟ್ಟಿ ನಿಮ್ಮಲ್ಲಿ ಬಹಳ ಜನರ ಫೋನಲ್ಲಿ ಇದೆ. ಹೆಸರು, ಬ್ರ್ಯಾಂಚ್, ರಕ್ತದ ಗುಂಪು, ಫೋನ್ ನಂಬರ್, ಕೊನೇ ಸಲ ರಕ್ತ ಕೊಟ್ಟ ದಿನಾಂಕ, ಅಷ್ಟೇ. ಅದರ ಹಿಂದೆ ಇರೋದು ಲ್ಯಾಬಿನ ಮೂಲೆಯಲ್ಲಿ, ಯಾರೂ ಕೂರದ ಮೇಜಿನ ಮೇಲೆ ಇಟ್ಟಿರೋ ಮೂರು ಹಳೇ ಡೆಸ್ಕ್‌ಟಾಪ್. ನಮ್ಮ ಸೀನಿಯರ್‌ಗಳು ಕಟ್ಟಿಕೊಟ್ಟು, ಪಾಸಾಗಿ ಹೋದರು. ಮೂರರಲ್ಲೂ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದೆ. ಒಂದು ಪ್ರೈಮರಿ, ಅಂದ್ರೆ ಮೂಲ. ಇನ್ನೆರಡು ಅದರ ನಕಲು, ರೆಪ್ಲಿಕಾ. ನೀವು ಹೊಸ ಹೆಸರು ಸೇರಿಸಿದರೆ ಅದು ಮೂಲಕ್ಕೆ ಹೋಗ್ತದೆ. ಪಟ್ಟಿ ನೋಡಿದರೆ ಎರಡು ನಕಲಿನಲ್ಲಿ ಯಾವುದೋ ಒಂದು ಉತ್ತರ ಕೊಡ್ತದೆ. ಮೂರು ಹಳೇ ಡಬ್ಬಿಗಳಿಗೆ ಕ್ಲಸ್ಟರ್ ಅನ್ನೋದು ಸ್ವಲ್ಪ ದೊಡ್ಡ ಮಾತೇ, ಆದರೆ ರೆಸ್ಯೂಮೆಯಲ್ಲಿ ಎಲ್ಲರೂ ಹಾಗೇ ಬರೆಯೋದು.

ಹೋದ ಆಗಸ್ಟ್ ಕೊನೇ ವಾರ ಒಂದು ಸಂಜೆ ಓ ನೆಗೆಟಿವ್ ಬೇಕು ಅಂತ ಕರೆ ಬಂತು. ನಮ್ಮ ವಾಲಂಟಿಯರ್ ಪಟ್ಟಿ ತೆಗೆದು ಮೊದಲನೇ ನಂಬರಿಗೆ ಫೋನ್ ಮಾಡಿದಳು. "ಅಕ್ಕಾ, ನಾ ಹನ್ನೆರಡು ದಿನದ ಹಿಂದ ಕೊಟ್ಟೀನಿ, ಆ್ಯಪಿನ್ಯಾಗೂ ಹಾಕೀನಿ" ಅಂದ ಹುಡುಗ. ಗಂಡಸರು ಒಮ್ಮೆ ಕೊಟ್ಟರೆ ಮತ್ತೆ ಕೊಡೋಕೆ 90 ದಿನ ಆಗಬೇಕು, ಹೆಂಗಸರಿಗೆ 120 ದಿನ. ಎರಡನೇ ನಂಬರು ಬದಲಾಗಿತ್ತು. ಮೂರನೆಯವನೂ ಈಗಾಗಲೇ ಕೊಟ್ಟಿದ್ದ. ಪಟ್ಟಿಯನ್ನ ಮತ್ತೆ ತೆಗೆದರೆ ಈ ಸಲ ದಿನಾಂಕ ಸರಿಯಾಗಿ ಬಂತು, ಇನ್ನೊಮ್ಮೆ ತೆಗೆದರೆ ತಪ್ಪು! ಕೊನೆಗೆ ಹಾಸ್ಟೆಲ್ಲಿನ ಕಾರಿಡಾರಿನಲ್ಲಿ ಕೂಗಿ ಕೂಗಿ ಒಬ್ಬನನ್ನ ಹುಡುಕಿ, ಬೈಕ್ ಹತ್ತಿಸಿ ಕಳಿಸಿದ್ವಿ. ರಕ್ತ ಸಿಕ್ಕಿತು. ಆದರೆ ಒಂದು ಗಂಟೆ ಮೇಲೆ ಹೋಗಿತ್ತು. ಆ ಒಂದು ಗಂಟೆ ಆಸ್ಪತ್ರೆಯಲ್ಲಿ ಕಾಯ್ತಿದ್ದವರಿಗೆ ಹೇಗಿತ್ತೋ.

ಆಗಿದ್ದು ಏನು ಅಂತ ಹೇಳೋಕೆ ಬ್ಯಾಡಗಿಯ ದಲಾಲಿ ಅಂಗಡಿ ಸಹಾಯಕ್ಕೆ ಬರ್ತದೆ. ನಮ್ಮಪ್ಪ ಮೆಣಸಿನಕಾಯಿ ಹಾಕೋ ಅಂಗಡಿಯಲ್ಲಿ ಎರಡು ಪುಸ್ತಕ. ವ್ಯವಹಾರ ನಡೆದ ಹಾಗೆ ಸಾಲಾಗಿ ಬರೆಯೋದು ಕಿರ್ದಿ. ಆಮೇಲೆ ಆಯಾ ರೈತನ ಹೆಸರಿನ ಪುಟಕ್ಕೆ ಏರಿಸೋದು ಖತಾವಣಿ. ಪೋಸ್ಟ್‌ಗ್ರೆಸ್ ಕೂಡ ಹಾಗೇನೇ. ಏನೇ ಬದಲಾದರೂ ಮೊದಲು ತನ್ನ ಕಿರ್ದಿಯಲ್ಲಿ ಬರೀತದೆ, ಅದರ ಹೆಸರು ವಾಲ್. ನಕಲು ಕಂಪ್ಯೂಟರ್‌ಗಳು ಮೂಲದಿಂದ ಆ ಕಿರ್ದಿಯ ಹಾಳೆಗಳನ್ನ ಒಂದೊಂದಾಗಿ ತರಿಸಿಕೊಂಡು, ಅದೇ ಕ್ರಮದಲ್ಲಿ ತಮ್ಮ ಖಾತೆಗೆ ಏರಿಸಿಕೊಳ್ತವೆ. ಮೂಲ ತನ್ನ ಹಳೇ ಹಾಳೆಗಳನ್ನ ಶಾಶ್ವತವಾಗಿ ಇಟ್ಟುಕೊಳ್ಳಲ್ಲ, ಡಿಸ್ಕ್ ತುಂಬಬಾರದಲ್ಲ. ಆಗಸ್ಟ್ 15ರ ಸಾಲು ರಜೆಯಲ್ಲಿ ಕರೆಂಟ್ ಹೋಗಿ ಒಂದು ನಕಲು ಎರಡು ದಿನ ಆಫ್ ಆಗಿತ್ತು. ಅದೇ ಹೊತ್ತಿಗೆ ಹೊಸ ಫಸ್ಟ್ ಇಯರ್‌ನವರ ವಿವರ ಎಲ್ಲಾ ಒಂದೇ ರಾತ್ರಿ ಮೂಲಕ್ಕೆ ಸೇರಿತು. ನಕಲು ಎದ್ದು ಕೂತು "ನಾ ನಿಂತಿದ್ದ ಕಡೆಯಿಂದ ಹಾಳೆ ಕೊಡು" ಅಂದಾಗ ಆ ಹಾಳೆ ಮೂಲದ ಹತ್ತಿರ ಇರಲೇ ಇಲ್ಲ.

ಅದು ಸುಮ್ಮನೂ ಕೂತಿರಲಿಲ್ಲ ಅನ್ನೋದೇ ನನಗೆ ಇವತ್ತಿಗೂ ಬೇಜಾರು. ಐದೈದು ಸೆಕೆಂಡಿಗೊಮ್ಮೆ ಕೇಳಿದೆ, ಸಿಗಲಿಲ್ಲ ಅಂತ ಲಾಗ್ ಫೈಲಿನಲ್ಲಿ ಬರೆದಿದೆ. ಎರಡು ವಾರ ಹಗಲೂ ರಾತ್ರಿ ಬರೆದಿದೆ. ಆ ಫೈಲನ್ನ ತೆರೆಯುವವರು ಯಾರೂ ಇರಲಿಲ್ಲ. ಇತ್ತ ಯಾರು ಪಟ್ಟಿ ಕೇಳಿದರೂ ತನ್ನ ಹತ್ತಿರ ಇದ್ದ ಎರಡು ವಾರದ ಹಿಂದಿನ ಪಟ್ಟಿಯನ್ನ ಮರ್ಯಾದೆಯಿಂದ, ಬೇಗನೇ ಕೊಟ್ಟಿದೆ. ಲ್ಯಾಬಿನ ಪರದೆ ಮೇಲೆ ಮೂರಕ್ಕೆ ಮೂರೂ ಹಸಿರು.

ಈ ಕಾವಲು ವ್ಯವಸ್ಥೆಯನ್ನ ಹೊಸದಾಗಿ ಕೂರಿಸೋ ಕೆಲಸ ನನ್ನ ಪಾಲಿಗೆ ಬಂತು, ದಸರಾ ರಜೆಯಲ್ಲಿ ಮಾಡಿ ಮುಗಿಸ್ತೀನಿ ಅಂತ ಲ್ಯಾಪ್‌ಟಾಪ್ ತಗೊಂಡು ಊರಿಗೆ ಹೋದೆ. ನಮ್ಮೂರು ದೇವರಗುಡ್ಡ, ರಾಣೇಬೆನ್ನೂರು ತಾಲೂಕು. ಕಟ್ಟೆ ಮೇಲೆ ಕೂತು, ಫೋನಿನ ಹಾಟ್‌ಸ್ಪಾಟ್‌ನಲ್ಲಿ ಲ್ಯಾಬಿನ ಕಂಪ್ಯೂಟರ್‌ಗೆ ಲಾಗಿನ್ ಆಗಿ ಕೆಲಸ ಮಾಡ್ತಿದ್ದಾಗ ಅಜ್ಜ ಬಂದು ಪಕ್ಕದಲ್ಲಿ ಕೂತ. "ಏನ್ ನೋಡಾಕತ್ತೀಯೋ ತಮ್ಮಾ?" ಅಂದ. ನಾನು ಕನ್ನಡದಲ್ಲಿ ಮಾನಿಟರಿಂಗ್‌ಗೆ ಏನಂತಾರೆ ಅಂತ ಒಂದು ನಿಮಿಷ ಯೋಚಿಸಿ (ಒಂದನೇ ಕ್ಲಾಸಿಂದ ಇಂಗ್ಲಿಷ್ ಮೀಡಿಯಂ, ಕ್ಷಮೆ ಇರಲಿ) "ಕಾವಲು ಕಾಯಾಕತ್ತೀನಿ ಅಜ್ಜಾ, ಕಂಪ್ಯೂಟರ್‌ಗೆ" ಅಂದೆ. ಹಸಿರು ದೀಪದ ಕಥೆ ಹೇಳಿದೆ. ಅಜ್ಜನಿಗೆ ಅದೇನೂ ಹೊಸದಲ್ಲ. ಗೋವಿನಜೋಳಕ್ಕೆ ಚಿಗರಿ, ಹಂದಿ ಬೀಳ್ತಾವೆ ಅಂತ ವರ್ಷಗಟ್ಟಲೆ ರಾತ್ರಿ ಹೊಲ ಕಾದವನು. "ಕಂದೀಲ ಉರಿಯಾಕತ್ತೈತಂದ್ರ ಕಾವಲಿದ್ದಾವ ಎಚ್ಚರ ಅದಾನಂತ ಹೆಂಗ ಹೇಳ್ತಿ? ನಾವು ಕೂಗು ಹಾಕ್ತಿದ್ವಿ. ತಿರುಗಿ ಕೂಗಿದ್ನಂದ್ರ ಅದಾನ. ಇಲ್ಲಂದ್ರ ಹೋಗಿ ನೋಡಾಕಬೇಕು."

ನಾನು ಹಾಕ್ತಿದ್ದ ಟೂಲ್ ಪ್ರೊಮಿಥಿಯಸ್. 2012ರಲ್ಲಿ ಸೌಂಡ್‌ಕ್ಲೌಡ್ ಕಂಪನಿಯಲ್ಲಿ ಶುರುವಾದದ್ದು, ಈಗ ಎಲ್ಲಾ ಕಡೆ ಇದೆ. ಅದು ಕೂಗು ಹಾಕೋ ಕಾವಲುಗಾರನೇ. ಕಂಪ್ಯೂಟರ್‌ಗಳು ಬಂದು ವರದಿ ಕೊಡಲಿ ಅಂತ ಕಾಯಲ್ಲ, ತಾನೇ 15 ಸೆಕೆಂಡಿಗೊಮ್ಮೆ ಹೋಗಿ ಕೇಳ್ತದೆ. ಆದರೆ ಕೇಳೋದು ಯಾರನ್ನ? ಡೇಟಾಬೇಸನ್ನ ನೇರವಾಗಿ ಅಲ್ಲ, ಅದರ ಪಕ್ಕ ಕೂತಿರೋ ಎಕ್ಸ್‌ಪೋರ್ಟರ್ ಅನ್ನೋ ಸಣ್ಣ ಪ್ರೋಗ್ರಾಮನ್ನ. ಪ್ರೊಮಿಥಿಯಸ್‌ನಲ್ಲಿ 'ಅಪ್' ಅಂತ ಒಂದು ಅಂಕಿ ಇದೆ, 1 ಇದ್ದರೆ ಜೀವ ಇದೆ ಅಂತ. ಅದು ಹೇಳೋದು ಎಕ್ಸ್‌ಪೋರ್ಟರ್‌ನ ಜೀವ. ಡೇಟಾಬೇಸ್ ಸತ್ತುಬಿದ್ದಿದ್ರೂ ಎಕ್ಸ್‌ಪೋರ್ಟರ್ ಬದುಕಿದ್ದರೆ 'ಅಪ್' 1 ಅಂತಲೇ ಬರ್ತದೆ! ಡೇಟಾಬೇಸ್‌ಗೆ ಕನೆಕ್ಟ್ ಆಯ್ತೋ ಇಲ್ಲವೋ ಅನ್ನೋದಕ್ಕೆ ಎಕ್ಸ್‌ಪೋರ್ಟರ್ ಬೇರೆ ಅಂಕಿ ಕೊಡ್ತದೆ, 'ಪಿಜಿ ಅಪ್'. ನಮ್ಮ ಹಳೇ ಪರದೆಯ ಹಸಿರು ಬರ್ತಿದ್ದದ್ದು ಮೊದಲನೆಯದರಿಂದ. ಕಂದೀಲ ಉರೀತಿತ್ತು.

ಆಗಸ್ಟಿನಲ್ಲಿ ಪಿಜಿ ಅಪ್ ನೋಡಿದ್ದರೂ ಉಪಯೋಗ ಆಗ್ತಿರಲಿಲ್ಲ, ಯಾಕಂದ್ರೆ ಆ ನಕಲು ಬದುಕೇ ಇತ್ತು, ಎಚ್ಚರವೂ ಇತ್ತು. ಅದಕ್ಕೆ ಕೇಳಬೇಕಾದ ಪ್ರಶ್ನೆ "ಇದ್ದೀಯಾ?" ಅಲ್ಲ, "ನಿನಗೆ ಗೊತ್ತಿರೋ ಸುದ್ದಿ ಯಾವಾಗಿಂದು?" ಅಂತ. ಇದಕ್ಕೆ ಎಲ್ಲರೂ ಬಳಸೋ ಒಂದು ಸಾಲಿನ ಲೆಕ್ಕ ಇದೆ: ಈಗಿನ ಸಮಯದಿಂದ, ನಕಲು ಕೊನೆಯದಾಗಿ ಏರಿಸಿಕೊಂಡ ವ್ಯವಹಾರದ ಸಮಯ ಕಳೆಯೋದು. ಕ್ಲಾಸು ನಡೆಯೋ ದಿನ ಇದು ಸರಿಯಾಗೇ ಇರ್ತದೆ. ರಜೆಯಲ್ಲಿ ಮೂಲದಲ್ಲೇ ಯಾರೂ ಏನೂ ಬರೆಯಲ್ಲ. ನಕಲು ಪೂರ್ತಿ ಸರಿ ಇದ್ದರೂ ಲೆಕ್ಕ "ನಾಲ್ಕು ಗಂಟೆ ಹಿಂದಿದೆ, ಐದು ಗಂಟೆ ಹಿಂದಿದೆ" ಅಂತ ಏರ್ತಾ ಹೋಗ್ತದೆ. ರಾತ್ರಿ ಎರಡಕ್ಕೆ ಫೋನ್ ಹೊಡ್ಕೊಳ್ತದೆ. ಎರಡು ರಾತ್ರಿ ಹೀಗಾದರೆ ಮೂರನೇ ರಾತ್ರಿ ಯಾರಾದರೂ ಮ್ಯೂಟ್ ಮಾಡಿಯೇ ಮಾಡ್ತಾರೆ. ಸುಳ್ಳು ಕೂಗು ಹಾಕೋ ಕಾವಲುಗಾರನಿಗಿಂತ ಕಾವಲುಗಾರ ಇಲ್ಲದ್ದೇ ವಾಸಿ ಅಂತ ನನಗನಿಸೋದು ಇದಕ್ಕೇ. ಇಲ್ಲದಿದ್ದರೆ ಇಲ್ಲ ಅಂತಾದರೂ ಗೊತ್ತಿರ್ತದೆ.

ಪರಿಹಾರ ಸರಳ, ಹಳೇದು. ಮೂಲದಲ್ಲಿ ಒಂದೇ ಸಾಲಿನ ಒಂದು ಟೇಬಲ್. 10 ಸೆಕೆಂಡಿಗೊಮ್ಮೆ ಅದರಲ್ಲಿ ಆಗಿನ ಸಮಯ ಬರೆಯೋದು. ಆ ಸಾಲೂ ಕಿರ್ದಿಯ ಮೂಲಕವೇ ನಕಲಿಗೆ ಹೋಗಬೇಕು. ನಕಲಿನಲ್ಲಿ ಆ ಸಮಯ ಓದಿ, ಈಗಿನ ಸಮಯದಿಂದ ಕಳೆದರೆ ಎಷ್ಟು ಹಿಂದಿದೆ ಅನ್ನೋದು ಖಚಿತ. ಹಾರ್ಟ್‌ಬೀಟ್ ಅಂತಾರೆ. ರಜೆ ಇರಲಿ ಬಿಡಲಿ, ಎದೆ ಬಡೀತಲೇ ಇರ್ತದೆ. ಒಂದೇ ಷರತ್ತು, ಮೂರೂ ಕಂಪ್ಯೂಟರ್‌ನ ಗಡಿಯಾರ ಒಂದೇ ಇರಬೇಕು. ನಮ್ಮ ಡಬ್ಬಿಗಳಲ್ಲಿ ಒಂದರ ಮದರ್‌ಬೋರ್ಡ್ ಬ್ಯಾಟರಿ ಸತ್ತಿದೆ, ಕರೆಂಟ್ ಹೋಗಿ ಬಂದರೆ ಅದು ಯಾವುದೋ ಹಳೇ ವರ್ಷದಲ್ಲಿ ಎದ್ದು ಕೂರ್ತದೆ. ಆ ಲೆಕ್ಕದಲ್ಲಿ ನಕಲು ಮೂಲಕ್ಕಿಂತ ಹತ್ತು ವರ್ಷ ಮುಂದೆ! ಬ್ಯಾಟರಿ ಬದಲಾಯಿಸಿ, ನೆಟ್‌ವರ್ಕಿನಿಂದ ಸಮಯ ತಗೊಳ್ಳೋ ಸೇವೆ ಹಾಕಿದೆವು. ಈಗ ನಿಯಮ ಇಷ್ಟು: 60 ಸೆಕೆಂಡಿಗಿಂತ ಹಿಂದಿದ್ದು, ಐದು ನಿಮಿಷ ಹಾಗೇ ಉಳಿದರೆ ಮೂರು ಜನರ ಟೆಲಿಗ್ರಾಮ್‌ಗೆ ಮೆಸೇಜ್.

ಮಹಾನವಮಿ ದಿನ ನಮ್ಮೂರಲ್ಲಿ ಮಾಲತೇಶ ಸ್ವಾಮಿಯ ಕಾರ್ಣಿಕ. ಗೊತ್ತಿಲ್ಲದವರಿಗೆ: ಕರೀ ಕಂಬಳಿ ಹೊದ್ದ ಗೊರವಯ್ಯ ನೆಟ್ಟ ಬಿಲ್ಲನ್ನ ಸರಸರ ಹತ್ತಿ ತುದಿಯಲ್ಲಿ ನಿಂತು "ಸದ್ದಲೇ" ಅಂತಾನೆ. ಅಷ್ಟೊತ್ತು ಭಂಡಾರ ತೂರುತ್ತಾ "ಏಳು ಕೋಟಿ" ಅಂತ ಕೂಗ್ತಿದ್ದ ಗುಡ್ಡವೇ ಗಪ್ಪಾಗ್ತದೆ. ಒಂದೇ ಮಾತು ನುಡಿದು ಮೇಲಿಂದ ಬೀಳ್ತಾನೆ, ಕೆಳಗಿದ್ದವರು ಹಿಡೀತಾರೆ. ಆ ಮಾತಿನಲ್ಲಿ ಮಳೆ, ಬೆಳೆ, ರೇಟು, ರಾಜಕೀಯ ಎಲ್ಲವನ್ನೂ ಜನ ಹುಡುಕ್ತಾರೆ. ಬಿಲ್ಲಿನ ಹತ್ತಿರ ಇದ್ದವರು ನೇರವಾಗಿ ಕೇಳ್ತಾರೆ, ಹಿಂದಿದ್ದವರಿಗೆ ಮುಂದಿದ್ದವರು ಹೇಳ್ತಾರೆ. ಇಳಿದು ಬರೋಷ್ಟರಲ್ಲಿ ಚಹಾದ ಅಂಗಡಿಯಲ್ಲಿ ಬೇರೆ ಬೇರೆ ಪಾಠ. ಈ ಸಲ ನಮ್ಮಪ್ಪ, ಕಾಕಾ ಇಬ್ಬರೂ ಒಂದೇ ಮಾತನ್ನ ಕೇಳಿ ಬಂದು, ಮೆಣಸಿನಕಾಯಿ ಈಗ ಮಾರಬೇಕೋ ಇಟ್ಟುಕೊಳ್ಳಬೇಕೋ ಅಂತ ಊಟ ಮುಗಿಯೋವರೆಗೂ ಜಗಳ ಆಡಿದರು. ಡೇಟಾಬೇಸಿನ ನಕಲು ಮಾತ್ರ ಅರ್ಥ ಮಾಡೋಕೆ ಹೋಗಲ್ಲ, ಬಂದದ್ದನ್ನ ಬಂದ ಹಾಗೇ ಬರ್ಕೊಳ್ತದೆ. ಪುಣ್ಯಕ್ಕೆ.

ನಾನು ಹೇಳಹೊರಟದ್ದು ಬೇರೆ. ಅವತ್ತು ಗುಡ್ಡದಲ್ಲಿ ಅಷ್ಟು ಜನ, ಅಷ್ಟು ಫೋನು. ಸಿಗ್ನಲ್ ಕಡ್ಡಿ ಪೂರ್ತಿ ತೋರಿಸ್ತಿತ್ತು, ಆದರೆ ಏನೂ ಹೋಗ್ತಿಲ್ಲ, ಏನೂ ಬರ್ತಿಲ್ಲ. ಮಧ್ಯಾಹ್ನದಿಂದ ಟೆಲಿಗ್ರಾಮಿನಲ್ಲಿ ಒಂದೂ ಮೆಸೇಜ್ ಇಲ್ಲ. ಲ್ಯಾಬಿನಲ್ಲಿ ಎಲ್ಲಾ ಸರಿ ಇರೋದಕ್ಕೆ ಇಲ್ಲವೋ, ಹೇಳೋವನೇ ಸತ್ತಿದ್ದಾನೋ, ಹೇಳಿದ್ದು ನನಗೆ ತಲುಪ್ತಿಲ್ಲವೋ? ಮೂರಕ್ಕೂ ಫೋನಿನ ಪರದೆ ಒಂದೇ ಥರ ಕಾಣ್ತದೆ, ಖಾಲಿ.

ಇದು ದೊಡ್ಡವರಿಗೂ ಆಗಿದೆ. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್‌ನಲ್ಲಿ ಇದೇ ಪೋಸ್ಟ್‌ಗ್ರೆಸ್ ನಕಲು ಹಿಂದೆ ಬಿತ್ತು, ಬೇಕಾದ ಕಿರ್ದಿ ಹಾಳೆಗಳು ಮೂಲದಿಂದ ಅಳಿದುಹೋಗಿದ್ದವು. ನಮ್ಮದೇ ಕಾಯಿಲೆ. ಅದನ್ನ ಸರಿಮಾಡೋ ಗಡಿಬಿಡಿಯಲ್ಲಿ ನಕಲಿನ ಫೋಲ್ಡರ್ ಅಂತ ತಿಳಿದು ಮೂಲದ ಫೋಲ್ಡರನ್ನೇ ಅಳಿಸಿದರು. ಬ್ಯಾಕಪ್ ತೆಗೆಯೋಣ ಅಂದ್ರೆ ಅದು ಬಹಳ ದಿನದಿಂದ ಆಗ್ತಾನೇ ಇರಲಿಲ್ಲ. ಬ್ಯಾಕಪ್ ಪ್ರೋಗ್ರಾಮಿನ ವರ್ಷನ್ 9.2, ಡೇಟಾಬೇಸ್ 9.6. ಫೇಲ್ ಆದಾಗ ಇಮೇಲ್ ಬರೋ ವ್ಯವಸ್ಥೆ ಇತ್ತು, ಆದರೆ ಆ ಇಮೇಲ್‌ಗಳನ್ನ ಮೇಲ್ ಸರ್ವರ್ ಸಹಿ ಇಲ್ಲ ಅಂತ ತಿರಸ್ಕರಿಸ್ತಿತ್ತು. ಸುಮಾರು ಆರು ಗಂಟೆ ಹಿಂದೆ ಅದೃಷ್ಟಕ್ಕೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ ಅವರನ್ನ ಉಳಿಸಿತು. ಇದನ್ನೆಲ್ಲ ಅವರೇ ಮುಚ್ಚಿಡದೆ ಪ್ರಕಟಿಸಿದ್ದಾರೆ, ಪಠ್ಯಪುಸ್ತಕಕ್ಕಿಂತ ಚೆನ್ನಾಗಿದೆ.

ಹಾಗಾಗಿ ಎರಡು ಕೆಲಸ ಮಾಡಿದೆ. ಪ್ರೊಮಿಥಿಯಸ್‌ನಲ್ಲಿ "ಹಿಂದೆ ಬಿದ್ದದ್ದು 60ಕ್ಕಿಂತ ಜಾಸ್ತಿ" ಅಂತ ನಿಯಮ ಬರೆದರೆ, ಆ ಅಂಕಿಯೇ ಬರೋದು ನಿಂತಾಗ ನಿಯಮ ಗಪ್ ಇರ್ತದೆ. ಇಲ್ಲದ ಅಂಕಿ 60ಕ್ಕಿಂತ ಜಾಸ್ತಿ ಅಲ್ಲವಲ್ಲ! ಅದಕ್ಕೆ "ಅಂಕಿ ಕಾಣೆಯಾಗಿದೆ" ಅನ್ನೋದನ್ನೇ ಇನ್ನೊಂದು ನಿಯಮ ಮಾಡಬೇಕು. ಎರಡನೆಯದು, ಯಾವಾಗಲೂ ಹೊಡ್ಕೊಳ್ತಲೇ ಇರೋ ಒಂದು ಅಲಾರಂ. ನಮ್ಮ ಹಾಸ್ಟೆಲ್ ವಾಚ್‌ಮನ್ ಅಂಕಲ್ ರಾತ್ರಿ ಸೀಟಿ ಊದ್ತಾರಲ್ಲ, ಹಾಗೆ. ಆ ಸೀಟಿ ಲ್ಯಾಬಿನಿಂದ ಹೊರಗಿರೋ ಒಂದು ಸೇವೆಗೆ ಹೋಗ್ತದೆ. ಹತ್ತು ನಿಮಿಷ ಸೀಟಿ ಕೇಳದಿದ್ದರೆ ಆ ಸೇವೆ ನಮಗೆ ಫೋನ್ ಮಾಡ್ತದೆ. ಲ್ಯಾಬಿಗೇ ಕರೆಂಟ್ ಹೋದರೆ ಒಳಗಿನ ಕಾವಲುಗಾರನೂ ಜೊತೆಗೇ ಹೋಗ್ತಾನೆ, ಅದಕ್ಕೇ ಹೊರಗಿನವನು ಬೇಕು.

ಮೂಲ ಸತ್ತರೆ ನಕಲನ್ನ ತಾನಾಗೇ ಮೂಲ ಮಾಡೋ ವ್ಯವಸ್ಥೆ ಯಾಕಿಲ್ಲ ಅಂತ ಒಬ್ಬ ಫ್ರೆಂಡ್ ಕೇಳಿದ. ಬೇಕಂತಲೇ ಹಾಕಿಲ್ಲ. 2018ರ ಅಕ್ಟೋಬರ್ 21ರಂದು ಗಿಟ್‌ಹಬ್‌ನಲ್ಲಿ ನೆಟ್‌ವರ್ಕ್ ಕಡಿದದ್ದು 43 ಸೆಕೆಂಡ್ ಮಾತ್ರ. ಅಷ್ಟರಲ್ಲಿ ಯಂತ್ರ ತಾನೇ ನಿರ್ಧಾರ ಮಾಡಿ ಮೂಲವನ್ನ ಇನ್ನೊಂದು ಕರಾವಳಿಗೆ ಬದಲಾಯಿಸಿತು. ಎರಡೂ ಕಡೆ ಒಂದರಲ್ಲಿದ್ದದ್ದು ಇನ್ನೊಂದರಲ್ಲಿ ಇಲ್ಲ. ಸರಿಯಾಗೋಕೆ 24 ಗಂಟೆ 11 ನಿಮಿಷ ಹಿಡೀತು. ನಮ್ಮಂಥ ಮೂರು ಡಬ್ಬಿಗೆ ಮನುಷ್ಯ ಎದ್ದು ಬಂದು ನೋಡೋದೇ ಸಾಕು. ಹಾಳೆ ಅಳಿಯದ ಹಾಗೆ ಮೂಲಕ್ಕೆ ಕಟ್ಟುಹಾಕಿದ್ದೇವೆ, ಆದರೆ ಮಿತಿ ಇಟ್ಟು. ಇಲ್ಲದಿದ್ದರೆ ಸತ್ತ ನಕಲಿಗಾಗಿ ಹಾಳೆ ಕೂಡಿಟ್ಟು ಮೂಲದ ಡಿಸ್ಕೇ ತುಂಬ್ತದೆ.

ರಜೆ ಮುಗಿಸಿ ಬಂದ ದಿನ, ಯಾರಿಗೂ ಹೇಳದೆ ಒಂದು ನಕಲಿನ ನೆಟ್‌ವರ್ಕ್ ವೈರ್ ಕಿತ್ತು ಗಡಿಯಾರ ನೋಡ್ತಾ ಕೂತೆ. ಐದು ನಿಮಿಷ ದಾಟಿ ಸ್ವಲ್ಪ ಹೊತ್ತಿಗೆ ಮೆಸೇಜ್ ಬಂತು. ಕ್ಯಾಂಟೀನಿನಲ್ಲಿದ್ದ ಫ್ರೆಂಡ್ ಓಡ್ತಾ ಬಂದ, ಕೈಯಲ್ಲಿ ಅರ್ಧ ತಿಂದ ಮಿರ್ಚಿ ಹಾಗೇ ಇತ್ತು. ಇನ್ನೊಬ್ಬಳು ಬರಲಿಲ್ಲ, ಇಂಟರ್ನಲ್ಸ್ ಅಂತ ಟೆಲಿಗ್ರಾಮ್ ತೆಗೆದುಹಾಕಿದ್ದಳು. ಈಗ ಪಟ್ಟಿಯ ಪುಟದ ಕೆಳಗೆ "ಈ ಮಾಹಿತಿ ಇಷ್ಟು ಸೆಕೆಂಡ್ ಹಿಂದಿನದು" ಅಂತ ಸಣ್ಣ ಅಕ್ಷರದಲ್ಲಿ ಬರ್ತದೆ, ನೋಡಿ. ಅಲ್ಲಿ ನಿಮಿಷಗಟ್ಟಲೆ ಕಂಡರೆ ನಮಗೆ ಹೇಳಿ, ಮೆಸೇಜ್ ಬಂದಿರ್ತದೆ ಅಂತ ಸುಮ್ಮನಾಗಬೇಡಿ. ಮೆಸೇಜ್ ಬರೋ ಮೂರು ಫೋನಿನಲ್ಲಿ ಒಂದು ಫೈನಲ್ ಇಯರ್‌ನವರದು, ಜೂನ್‌ಗೆ ಅವರು ಹೋಗ್ತಾರೆ. ಆ ಜಾಗಕ್ಕೆ ಫಸ್ಟ್ ಇಯರ್‌ನವರು ಒಬ್ಬರು ಬೇಕು. ಪೋಸ್ಟ್‌ಗ್ರೆಸ್ ಬರದಿದ್ದರೂ ನಡೀತದೆ, ಎರಡು ವಾರದಲ್ಲಿ ಕಲಿಸ್ತೀವಿ. ರಾತ್ರಿ ಫೋನ್ ಸೈಲೆಂಟ್ ಮಾಡದೇ ಇರೋವರಾದರೆ ಸಾಕು.